ನಾರುಹುಣ್ಣು ಮತ್ತು ಪಾವಟಿಗೆಯ ಬಾವಿ

ಕಾಗಿಣಾ ನದಿಯ ಆಸುಪಾಸಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನೆಲದಲ್ಲಿ ಕಲ್ಲು ಸುಲಭ, ನೀರು ದುರ್ಲಭ. ರಾಷ್ಟ್ರಕೂಟರ ಮಾನ್ಯಖೇಟ, ಈಗಿನ ಮಳಖೇಡ, ಇದ್ದದ್ದು ಇಲ್ಲಿಯೇ. ಪದರಪದರವಾಗಿ ಏಳುವ ಇಲ್ಲಿನ ಪರಸಿಕಲ್ಲು ಪಾವಟಿಗೆ ಕಟ್ಟುವುದಕ್ಕೆಂದೇ ಹುಟ್ಟಿದಂತಿದೆ. ದಖ್ಖನಿನ ಈ ಒಣಸೀಮೆಯಲ್ಲಿ ಪುಣ್ಯ ಸಂಪಾದಿಸಬಯಸಿದವರು ಬಾವಿ ತೋಡಿಸಿದರು. ತೋಡಿಸಿದ ಬಾವಿಗೆ ನೀರಿನ ಅಂಚಿನವರೆಗೂ ಮೆಟ್ಟಿಲು ಹಾಕಿಸಿದರು. ಹಗ್ಗವಿಲ್ಲದ, ಕೊಡವಿಲ್ಲದ ದಾರಿಹೋಕನೂ ಇಳಿದು ಬೊಗಸೆಯಲ್ಲಿ ನೀರು ಕುಡಿಯಲಿ ಎಂಬುದು ಅದರ ಆಶಯ. ಆ ಕರುಣೆಯ ಮೆಟ್ಟಿಲನ್ನೇ ಒಂದು ಹುಳು ತನ್ನ ದಾರಿಯಾಗಿಸಿಕೊಂಡಿತ್ತು.

ಆಯುರ್ವೇದದವರು ಸ್ನಾಯುಕ ಎಂದರು, ನಮ್ಮ ಜನ ನಾರುಹುಣ್ಣು ಎಂದರು. ಕನ್ನಡದ ಹೆಸರೇ ಹೆಚ್ಚು ನಿಖರವಾದುದೆಂದು ನನಗೆ ತೋರುತ್ತದೆ; ಕಾಲಿನ ಹುಣ್ಣಿನಿಂದ ಹೊರಬರುವ ಆ ಬಿಳಿಯ ಎಳೆ ನಾರಿನಂತೆಯೇ ಇರುತ್ತದೆ. ಅದರ ಉದ್ದ ಎರಡು ಮೂರು ಅಡಿ. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮಜೀವಿಯ ಹೊಟ್ಟೆಯಲ್ಲಿ ಇದರ ಮರಿ ಬೆಳೆಯುತ್ತದೆ. ಆ ನೀರನ್ನು ಕುಡಿದವನ ಒಡಲಿನಲ್ಲಿ ಹೆಣ್ಣುಹುಳು ಸುಮಾರು ಒಂದು ವರ್ಷ ಸದ್ದಿಲ್ಲದೆ ಇದ್ದು, ಆಮೇಲೆ ಹೆಚ್ಚಾಗಿ ಕಾಲಿನಲ್ಲಿ ಬೊಬ್ಬೆಯಾಗಿ ಕಾಣಿಸಿಕೊಳ್ಳುತ್ತದೆ. ಬೊಬ್ಬೆ ಬೆಂಕಿಯಂತೆ ಉರಿಯುತ್ತದೆ. ಉರಿ ತಾಳದೆ ರೋಗಿ ಕಾಲನ್ನು ನೀರಿನಲ್ಲಿ ಇಳಿಬಿಟ್ಟೊಡನೆ ಹುಳು ಸಾವಿರ ಸಾವಿರ ಮರಿಗಳನ್ನು ಆ ನೀರಿಗೆ ಚೆಲ್ಲುತ್ತದೆ. ಪಾವಟಿಗೆ ಇಲ್ಲದಿದ್ದರೆ ಕಾಲು ನೀರನ್ನು ಮುಟ್ಟುವುದೇ ಇಲ್ಲ!

ಔಷಧವಿಲ್ಲ, ಒಮ್ಮೆ ಬಂದವನಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಚಿಕ್ಕ ಕಡ್ಡಿಗೆ ಹುಳುವನ್ನು ಸುತ್ತಿ ದಿನಕ್ಕೆ ಬೆರಳಗಲದಷ್ಟು ಎಳೆಯುತ್ತ ಹೋಗಬೇಕು. ನಡುವೆ ಹರಿದರೆ ಬಾವು, ಕೀವು, ಕೆಲವೊಮ್ಮೆ ಕಾಯಂ ಕುಂಟು. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಕಾಡುತ್ತಿದ್ದುದು ಬೇಸಗೆಯಿಂದ ಮುಂಗಾರಿನವರೆಗೆ, ಎಂದರೆ ನೆಲ ಹದ ಮಾಡಿ ತೊಗರಿ ಬಿತ್ತುವ ದಿನಗಳಲ್ಲಿ. ಕೊಲ್ಲುವುದು ಅಪರೂಪವಾದರೂ ಒಂದು ಮನೆಯ ವರ್ಷದ ಅನ್ನವನ್ನು ಅದು ಕಸಿಯಬಲ್ಲುದಾಗಿತ್ತು.

ಹುಳುವಿನ ಗುಟ್ಟು ಬಯಲಾದದ್ದು 1870ರಲ್ಲಿ, ತುರ್ಕಿಸ್ತಾನದಲ್ಲಿ. ಕಂಡುಕೊಂಡವನು ರಷ್ಯದ ವಿಜ್ಞಾನಿ ಫೆಡ್ಚೆಂಕೊ. ನಮ್ಮ ನಾಡಿನಲ್ಲಿ ಈ ಕೆಲಸವನ್ನು ಮುಂದುವರಿಸಿದವರ ಹೆಸರು ನಮಗೇ ಮರೆತಿದೆ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ವಿ. ಎನ್. ಮೂರ್ತಿಯವರು ರಾಕ್‌ಫೆಲರ್ ಪ್ರತಿಷ್ಠಾನದ ಸ್ವೀಟ್ ಅವರೊಡನೆ ಚಿತ್ರದುರ್ಗ ಜಿಲ್ಲೆಯ ಬಾವಿಗಳಿಗೆ ಸೈಕ್ಲಾಪ್ಸ್ ತಿನ್ನುವ ಸಣ್ಣ ಮೀನುಗಳನ್ನು ಬಿಟ್ಟು ನೋಡಿದರು. ನಾಯಿಗಳಿಗೆ ಪ್ರಯೋಗವಾಗಿ ಈ ರೋಗವನ್ನು ಅಂಟಿಸಿಯೂ ನೋಡಿದರು. ಈ ನಾಯಿಗಳ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಜಗತ್ತು ಎಚ್ಚೆತ್ತುದು ಅರ್ಧ ಶತಮಾನದ ಮೇಲೆ. 1981ರಲ್ಲಿ ವಿಶ್ವಸಂಸ್ಥೆಯ ಕುಡಿಯುವ ನೀರಿನ ದಶಕ ಆರಂಭವಾದಾಗ, ನೀರೊಂದು ಶುದ್ಧವಾದರೆ ಪೂರ್ತಿ ಅಳಿಯಬಲ್ಲ ರೋಗ ಇದೆಂದು ತಜ್ಞರು ಬೊಟ್ಟು ಮಾಡಿದರು. ಭಾರತ 1983-84ರಲ್ಲಿಯೇ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವನ್ನು ಕೈಗೊಂಡಿತು. 1984ರಲ್ಲಿ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳು ಸುಮಾರು 40,000. ಹಳ್ಳಿಗಳು 12,000ಕ್ಕೂ ಮೇಲೆ. ಕರ್ನಾಟಕದ ಪೀಡಿತ ಜಿಲ್ಲೆಗಳಲ್ಲಿ ಆಗಿನ ಗುಲಬರ್ಗಾ ಒಂದು. 1986ರಲ್ಲಿ ವಿಶ್ವ ಆರೋಗ್ಯ ಸಭೆ ನಿರ್ಮೂಲನದ ನಿರ್ಣಯ ಕೈಗೊಂಡಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಂಸ್ಥೆ ಮುಂದಾಳಾಯಿತು. ಆಗ ಆಫ್ರಿಕ, ಏಷ್ಯಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನ ಈ ರೋಗಕ್ಕೆ ತುತ್ತಾಗುತ್ತಿದ್ದರೆಂಬ ಅಂದಾಜಿತ್ತು.

ನಿರ್ಣಯಗಳು ಜಿನೀವಾದಲ್ಲಿ ಆಗಬಹುದು, ಕೆಲಸ ನಡೆಯಬೇಕಾದದ್ದು ಬಾವಿಯ ದಂಡೆಯಲ್ಲಿ. ಮನೆಮನೆ ತಿರುಗಿ ರೋಗಿಗಳನ್ನು ಹುಡುಕುವುದು, ನೀರಿಗೆ ಟೆಮಿಫಾಸ್ ಬೆರೆಸುವುದು, ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸುವುದು, ಕೊಳವೆಬಾವಿ ಕೊರೆಯಿಸಿ ಕೈಪಂಪು ಹಾಕಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಪಾವಟಿಗೆಯ ಬಾವಿಯನ್ನು ಸೇದುವ ಬಾವಿಯಾಗಿ ಮಾರ್ಪಡಿಸುವುದು. ಕಡೆಯದು ಹೇಳಿದಷ್ಟು ಸುಲಭವಲ್ಲ. ಅಜ್ಜ ಮುತ್ತಜ್ಜರ ಪುಣ್ಯಕಾರ್ಯಕ್ಕೆ ಗೋಡೆ ಅಡ್ಡ ಹಾಕಿ ಎಂದರೆ ಯಾವ ಊರು ಒಪ್ಪೀತು? ಹಗ್ಗ ಹರಿದ, ರಾಟೆ ಮುರಿದ ಬಾವಿಗೆ ಬಾಯಾರಿದವರು ಮತ್ತೆ ಇಳಿದರೆ ತಪ್ಪೆನ್ನುವುದು ಹೇಗೆ? ಇನ್ನು ಮೆಟ್ಟಿಲು ಎಲ್ಲರ ಪಾಲಿಗೂ ತೆರೆದಿತ್ತೆಂದು ಭಾವಿಸುವುದು ನಮ್ಮ ಭ್ರಮೆ. ಊರಬಾವಿಗೆ ಇಳಿಯಗೊಡದೆ ದೂರ ನಿಲ್ಲಿಸಿದವರಿಗೆ ಹಳ್ಳ, ಹೊಂಡದ ನೀರೇ ಗತಿಯಾಗಿತ್ತು. ಹುಳುವಿಗೆ ಜಾತಿಯಿಲ್ಲ, ನೀರಿಗೆ ನಾವು ಅದನ್ನು ಅಂಟಿಸಿದ್ದೆವು. ಹೀಗಾಗಿ ಎಲ್ಲರ ಕೈಗೂ ಶುದ್ಧ ನೀರು ಎಟುಕಿದ ಹೊರತು ರೋಗ ಹೋಗುವಂತಿರಲಿಲ್ಲ.

ಹೋಯಿತು. ದೇಶದ ಕಡೆಯ ರೋಗಿ 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದ. ಆಮೇಲೆ ಮೂರು ವರ್ಷಕ್ಕೂ ಮೇಲೆ ಇಲ್ಲದ ರೋಗವನ್ನು ಹುಡುಕುವ ವಿಚಿತ್ರ ಕಾಯಕ! ರೋಗಿಯನ್ನು ತೋರಿಸಿಕೊಟ್ಟವರಿಗೆ ಬಹುಮಾನವನ್ನೂ ಸಾರಿದ್ದರು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತವೆಂದು ಘೋಷಿಸಿತು. ಲಸಿಕೆಯಿಲ್ಲದೆ, ಮದ್ದಿಲ್ಲದೆ, ಬಟ್ಟೆ ಮತ್ತು ಗೋಡೆಗಳಿಂದ ಗೆದ್ದ ಯುದ್ಧವಿದು. ಸೊಳ್ಳೆಯಿಂದ ಹರಡುವ ಆನೆಕಾಲು ರೋಗಕ್ಕೆ ಹೀಗೆ ಮುಚ್ಚಬಹುದಾದ ಮೆಟ್ಟಿಲಿಲ್ಲ. ಅದಕ್ಕೆ ಊರಿಗೆ ಊರೇ ಮಾತ್ರೆ ನುಂಗಬೇಕು.

ಜಗತ್ತಿನ ಗಡುವು ಮಾತ್ರ ಮುಂದೆ ಸರಿಯುತ್ತಲೇ ಬಂದಿದೆ. ಮೊದಲು 1995 ಎಂದಿದ್ದರು, ಈಗ 2030 ಎನ್ನುತ್ತಾರೆ. ಕಡೆಯ ಹುಳು ತನಗಿಂತ ಮೊದಲು ಸಾಯಲಿ ಎಂದು 2015ರಲ್ಲಿ ಆಶಿಸಿದ್ದ ಕಾರ್ಟರ್ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ವರ್ಷ ಇಡೀ ಪ್ರಪಂಚದಲ್ಲಿ ರೋಗ ತಗುಲಿದ ಮನುಷ್ಯರು 15 ಮಂದಿ, ಚಾಡ್ ಮತ್ತು ದಕ್ಷಿಣ ಸೂಡಾನ್ ದೇಶದವರು. ಆದರೆ ಪ್ರಾಣಿಗಳು ನೂರಾರು. ಚಾಡ್ ದೇಶದಲ್ಲಂತೂ ಹುಳು ನಾಯಿಗಳನ್ನು ಆಶ್ರಯಿಸಿದೆ. ಮೈಸೂರಿನ ಮೂರ್ತಿಯವರು ಪ್ರಯೋಗದಲ್ಲಿ ಸಾಧ್ಯವೆಂದು ತೋರಿಸಿದ್ದನ್ನು ಅದು ಅಲ್ಲಿ ತಾನಾಗಿಯೇ ಮಾಡಿಕೊಂಡಿದೆ. ಅಲ್ಲಿನ ಹಳ್ಳಿಗರೀಗ ನೀರಿನ ಬಳಿ ಸುಳಿಯದಂತೆ ತಮ್ಮ ನಾಯಿಗಳನ್ನು ಕಟ್ಟಿಹಾಕುತ್ತಿದ್ದಾರೆ.