ಗಾಲಿಕುರ್ಚಿ ಸಂಚರಿಸಿದ ಮನೆ: ಹೈಡ್ ಪಾರ್ಕಿನ ರೂಸ್‌ವೆಲ್ಟ್ ನಿವಾಸ

ಐತಿಹಾಸಿಕ ಕಟ್ಟಡಗಳಿಗೆ ಇಳಿಜಾರು ದಾರಿ ಕಟ್ಟುವ ಮಾತು ಬಂದಾಗಲೆಲ್ಲ ಒಂದು ಆಕ್ಷೇಪ ಕೇಳಿಬರುತ್ತದೆ. ಹಳೆಯ ಮನೆ ಹಳೆಯದಾಗಿಯೇ ಇರಬೇಕು. ಕಟ್ಟಿಸಿದವರು ಮೆಟ್ಟಿಲಿಟ್ಟಿದ್ದರೆ ಮೆಟ್ಟಿಲೇ ಇರಲಿ. ಇಂದಿನವರ ಅನುಕೂಲಕ್ಕಾಗಿ ಅಂದಿನವರ ಮನೆಯನ್ನು ಕೆಡಿಸಬಾರದು. ಹೀಗೆ ಹೇಳುವವರು ನಿರ್ದಯರೇನೂ ಅಲ್ಲ. ಸುಣ್ಣ ಬಳಿಯುವ ನೆಪದಲ್ಲಿ ಚಿತ್ತಾರಗಳನ್ನು ಅಳಿಸಿದ, ಹಂಚು ತೆಗೆದು ತಗಡು ಹೊದಿಸಿದ ಉದಾಹರಣೆಗಳನ್ನು ಕಂಡು ನೊಂದವರೇ ಅವರಲ್ಲಿ ಹೆಚ್ಚು. ಆದರೆ ಈ ಮಾತಿನ ಅಡಿಯಲ್ಲಿ ಪರೀಕ್ಷಿಸದೆ ಒಪ್ಪಿಕೊಂಡ ಒಂದು ಊಹೆಯಿದೆ. ಚರಿತ್ರೆಯ ಮನೆಗಳಲ್ಲಿ ಬಾಳಿದವರೆಲ್ಲರೂ ಎರಡು ಕಾಲುಗಳ ಮೇಲೆ ಗಟ್ಟಿಯಾಗಿ ನಿಂತವರು, ಇಳಿಜಾರೆಂಬುದು ಇತ್ತೀಚಿನವರ ಬೇಡಿಕೆ ಎಂಬುದೇ ಆ ಊಹೆ. ಅದನ್ನು ಒರೆಗೆ ಹಚ್ಚಲು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ಪೂರ್ವ ದಂಡೆಯ ಮೇಲಿರುವ ಒಂದು ಮನೆಗಿಂತ ಒಳ್ಳೆಯ ಸ್ಥಳ ನನಗೆ ತಿಳಿದಂತೆ ಮತ್ತೊಂದಿಲ್ಲ.

ಹೈಡ್ ಪಾರ್ಕ್ ಎಂಬ ಊರಿನ ಈ ಮನೆಗೆ ಸ್ಪ್ರಿಂಗ್‌ವುಡ್ ಎಂದು ಹೆಸರು. ನಮ್ಮ ಕಡೆಯ ಬೀಡು, ಗುತ್ತಿನ ಮನೆಗಳಂತೆ ಹೊಲ, ಕಾಡು, ಕುದುರೆಲಾಯಗಳ ನಡುವೆ ನಿಂತಿರುವ ಭೂಮಾಲಿಕರ ಮನೆ ಅದು. ಅಮೆರಿಕದ ಅಧ್ಯಕ್ಷರಾಗಿ ನಾಲ್ಕು ಬಾರಿ ಚುನಾಯಿತರಾದ ಫ್ರಾಂಕ್ಲಿನ್ ರೂಸ್‌ವೆಲ್ಟರು 1882ರ ಜನವರಿ 30ರಂದು ಹುಟ್ಟಿದ್ದು ಇಲ್ಲಿಯೇ. 1915ರಲ್ಲಿ ಅವರೂ ಅವರ ತಾಯಿ ಸಾರಾ ಅವರೂ ಸೇರಿ ಹಳೆಯ ಮರದ ಮನೆಯನ್ನು ವಿಸ್ತರಿಸಿದರು. ಎರಡು ಪಕ್ಕಗಳಲ್ಲಿ ಕಲ್ಲಿನ ಭಾಗಗಳು ಎದ್ದವು, ಮೇಲೊಂದು ಅಂತಸ್ತು ಬಂತು, ಮುಂಭಾಗಕ್ಕೆ ಕಂಬಗಳ ಗಾಂಭೀರ್ಯ ಒದಗಿತು. ಆಗ ರೂಸ್‌ವೆಲ್ಟರಿಗೆ ಮೂವತ್ತಮೂರು ವರ್ಷ. ಆ ಮನೆಯ ಮೆಟ್ಟಿಲುಗಳು ತನಗೇ ಗೋಡೆಗಳಾಗಿ ನಿಲ್ಲಲಿವೆ ಎಂಬ ಕಲ್ಪನೆ ಅವರಿಗೆ ಬರುವ ಕಾರಣವೇ ಇರಲಿಲ್ಲ.

1921ರ ಆಗಸ್ಟಿನಲ್ಲಿ, ಕೆನಡಾದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ಬೇಸಗೆ ಕಳೆಯುತ್ತಿದ್ದಾಗ ಅವರಿಗೆ ಜ್ವರ ಬಂತು. ಪೋಲಿಯೊ ಎಂದು ವೈದ್ಯರು ನಿರ್ಣಯಿಸಿದರು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಎರಡೂ ಕಾಲುಗಳ ಶಕ್ತಿ ಹೋಯಿತು, ಮತ್ತೆ ಬರಲಿಲ್ಲ. ಮಗನು ರಾಜಕೀಯ ಬಿಟ್ಟು ಹೈಡ್ ಪಾರ್ಕಿನಲ್ಲಿ ಶಾಂತವಾಗಿ ಜಮೀನು ನೋಡಿಕೊಂಡಿರಲಿ ಎಂಬುದು ತಾಯಿಯ ಅಪೇಕ್ಷೆ. ಪತ್ನಿ ಎಲಿನಾರ್ ಮತ್ತು ಆಪ್ತ ಸಲಹೆಗಾರ ಲೂಯಿ ಹೋ ಅದಕ್ಕೆ ಒಪ್ಪಲಿಲ್ಲ. ಈ ಎಳೆದಾಟದ ನಡುವೆ ಮನೆಯೇ ನಿಧಾನವಾಗಿ ಬದಲಾಗತೊಡಗಿತು.

ಮನೆಯಲ್ಲಿ ಪ್ರವಾಸದ ಪೆಟ್ಟಿಗೆಗಳನ್ನು ಉಪ್ಪರಿಗೆಗೆ ಏರಿಸಲು ಹಗ್ಗ ಮತ್ತು ರಾಟೆಗಳ ಒಂದು ಏರಿಳಿಯಂತ್ರವಿತ್ತು. ಸಾಮಾನಿಗೆಂದು ಇದ್ದ ಆ ಸಣ್ಣ ಕೋಣೆ ರೂಸ್‌ವೆಲ್ಟರ ಸ್ವಂತ ದಾರಿಯಾಯಿತು. ಕುರ್ಚಿಯಲ್ಲಿ ಕುಳಿತೇ ಅದರೊಳಗೆ ಸೇರಿ, ತನ್ನ ಕೈಗಳಿಂದಲೇ ಹಗ್ಗ ಎಳೆದುಕೊಂಡು ಅವರು ಮೇಲಕ್ಕೆ ಹೋಗುತ್ತಿದ್ದರು. ಅದಕ್ಕೆ ವಿದ್ಯುತ್ ಜೋಡಿಸಲು ಅವರು ಒಪ್ಪಲಿಲ್ಲವಂತೆ. ಬೆಂಕಿ ಹೊತ್ತಿಕೊಂಡು ವಿದ್ಯುತ್ ನಿಂತುಹೋದರೆ ನಡುವೆ ಸಿಕ್ಕಿಬೀಳುವೆನೆಂಬ ಭಯವೇ ಕಾರಣವೆನ್ನುತ್ತಾರೆ. ಓಡಲಾರದವನಿಗೆ ಬೆಂಕಿಯ ಭಯ ಎಂಥದೆಂಬುದನ್ನು ನಾವು ಸುಲಭವಾಗಿ ಊಹಿಸಲಾರೆವು. (ಅವರು ತೀರಿಕೊಂಡು ಬಹಳ ವರ್ಷಗಳ ಮೇಲೆ, 1982ರ ಜನವರಿಯಲ್ಲಿ, ಆ ಮನೆಯ ಮೇಲ್ಭಾಗಕ್ಕೆ ನಿಜವಾಗಿಯೂ ಬೆಂಕಿ ಬಿತ್ತು.)

ಕುರ್ಚಿಯ ವಿಷಯವೂ ಹಾಗೆಯೇ. ಆ ಕಾಲದಲ್ಲಿ ಮಾರಾಟಕ್ಕೆ ಸಿಗುತ್ತಿದ್ದ ಗಾಲಿಕುರ್ಚಿಗಳು ದೊಡ್ಡವು, ಭಾರವಾದವು. ಹಳೆಯ ಮನೆಯ ಕಿರಿದಾದ ಬಾಗಿಲುಗಳಲ್ಲಿ ತೂರುವಂಥವಲ್ಲ. ಆದುದರಿಂದ ಕೈಗಳಿಲ್ಲದ ಒಂದು ಸಾಮಾನ್ಯ ಮರದ ಕುರ್ಚಿಯ ಕಾಲುಗಳನ್ನು ತೆಗೆಸಿ, ಕೆಳಗೆ ಗಾಲಿಗಳನ್ನು ಜೋಡಿಸಲಾಯಿತು. ಅದು ಕಿರಿದು, ಹಗುರ. ದೂರದಿಂದ ನೋಡಿದವರಿಗೆ ಗಾಲಿಕುರ್ಚಿಯೆಂದು ಥಟ್ಟನೆ ತಿಳಿಯುವಂತಿರಲಿಲ್ಲ. ಮೆಟ್ಟಿಲಿರುವೆಡೆಗಳಲ್ಲಿ ಮರದ ಇಳಿಜಾರು ಹಲಗೆಗಳು ಬಂದವು. ಬಾಗಿಲು ಅಗಲವಿಲ್ಲದಿದ್ದರೆ ಕುರ್ಚಿಯನ್ನು ಕಿರಿದು ಮಾಡು. ಮೆಟ್ಟಿಲು ಕೀಳಲಾಗದಿದ್ದರೆ ಮೇಲೆ ಹಲಗೆ ಹಾಸು. ಸಂರಕ್ಷಣಾ ತಜ್ಞರು ಮುಂದೆ ದೊಡ್ಡ ಗ್ರಂಥಗಳಲ್ಲಿ ಬರೆದ ತತ್ತ್ವವನ್ನು ಹೈಡ್ ಪಾರ್ಕಿನ ಬಡಗಿಗಳು ಅಷ್ಟು ಮುಂಚೆಯೇ ಮಾಡಿ ಮುಗಿಸಿದ್ದರು.

ಇವೆಲ್ಲವೂ ಮನೆಯೊಳಗಿನ ಮಾತು. ಹೊರಗಿನ ಲೋಕಕ್ಕೆ ಇದೊಂದೂ ಕಾಣಬಾರದೆಂಬುದು ರೂಸ್‌ವೆಲ್ಟರ ಹಟವಾಗಿತ್ತು. ಕಾಲುಗಳಿಗೆ ಉಕ್ಕಿನ ಪಟ್ಟಿಗಳನ್ನು ಬಿಗಿದು, ಮಗನ ಅಥವಾ ಸಹಾಯಕನ ತೋಳು ಹಿಡಿದು ಅವರು ಜನರ ಮುಂದೆ ನಿಲ್ಲುತ್ತಿದ್ದರು. ಪತ್ರಿಕೆಯವರೂ ಬಹುಮಟ್ಟಿಗೆ ಸಹಕರಿಸಿದರು. ಅವರು ಗಾಲಿಕುರ್ಚಿಯಲ್ಲಿ ಕುಳಿತಿರುವ ಛಾಯಾಚಿತ್ರಗಳು ಇಂದಿಗೂ ಬೆರಳೆಣಿಕೆಯಷ್ಟೇ. ಶಾಲೆಗಳಲ್ಲಿ ಎರಡನೆಯ ಮಹಾಯುದ್ಧದ ಪಾಠ ಹೇಳಿದವರಿಗೆಲ್ಲ ಯಾಲ್ಟಾ ಸಮ್ಮೇಳನದ ಚಿತ್ರ ಗೊತ್ತು. ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಮೂವರೂ ಸಾಲಾಗಿ ಕುಳಿತಿದ್ದಾರೆ. ನಡುವೆ ಕುಳಿತವರು ಎದ್ದು ನಿಲ್ಲಲಾರರು ಎಂಬ ಒಂದು ಸಾಲನ್ನು ನಾನು ಪಾಠ ಮಾಡಿದ ಯಾವ ಪುಸ್ತಕದಲ್ಲಿಯೂ ಕಾಣಲಿಲ್ಲ. ಆ ಸಮ್ಮೇಳನದಿಂದ ಹಿಂದಿರುಗಿದ ಮೇಲೆ, 1945ರ ಮಾರ್ಚ್ 1ರಂದು, ಅವರು ಅಮೆರಿಕದ ಸಂಸತ್ತಿನೆದುರು ಕುಳಿತೇ ಭಾಷಣ ಮಾಡಿದರು; ಕಾಲಿಗೆ ಹತ್ತು ಪೌಂಡು ಉಕ್ಕನ್ನು ಹೊತ್ತು ನಿಲ್ಲಬೇಕಾಗುವ ಕಷ್ಟವನ್ನು ಹೇಳಿ ಕ್ಷಮೆ ಕೋರಿದರು. ಅದಾಗಿ ಆರು ವಾರಗಳಲ್ಲಿ ಅವರು ಬದುಕಿರಲಿಲ್ಲ.

ಸ್ಪ್ರಿಂಗ್‌ವುಡ್ ತಾಯಿಯ ಮನೆ, ತಂದೆಯ ಕಾಲದ ಮನೆ. ಅಲ್ಲಿ ಮಾಡಬಹುದಾಗಿದ್ದುದು ಹೊಂದಾಣಿಕೆಯಷ್ಟೇ. ತಾನೇ ಆಲೋಚಿಸಿ ಕಟ್ಟಿದರೆ ಮನೆ ಹೇಗಿರಬಹುದೆಂಬುದನ್ನು ರೂಸ್‌ವೆಲ್ಟರು 1938ರಲ್ಲಿ ತೋರಿಸಿದರು. ಅಲ್ಲಿಂದ ಕೆಲವು ಮೈಲಿ ಆಚೆ ಗುಡ್ಡವೊಂದರ ಮೇಲೆ ಅವರು ಕಟ್ಟಿಸಿದ ಕಲ್ಲಿನ ಸಣ್ಣ ಮನೆಗೆ ಟಾಪ್ ಕಾಟೇಜ್ ಎಂದು ಹೆಸರು. ನಕ್ಷೆಯ ಮೂಲ ಕಲ್ಪನೆ ಅವರದೇ. ಅದನ್ನು ಕಾರ್ಯರೂಪಕ್ಕೆ ತಂದವರು ಹೆನ್ರಿ ಟೂಂಬ್ಸ್ ಎಂಬ ವಾಸ್ತುಶಿಲ್ಪಿ. ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಪೋಲಿಯೊ ಪೀಡಿತರಿಗಾಗಿ ರೂಸ್‌ವೆಲ್ಟರು ನಡೆಸಿದ ಚಿಕಿತ್ಸಾ ಕೇಂದ್ರಕ್ಕೂ ಕಟ್ಟಡಗಳನ್ನು ರೂಪಿಸಿದವರು ಇವರೇ. ಪತ್ರಿಕೆಯೊಂದು ಈ ನಕ್ಷೆಯನ್ನು ಪ್ರಕಟಿಸಿ ವಾಸ್ತುಶಿಲ್ಪಿ ಎಂದು ಅಧ್ಯಕ್ಷರ ಹೆಸರನ್ನು ಹಾಕಿದಾಗ, ಫ್ರಾಂಕ್ ಲಾಯ್ಡ್ ರೈಟರ ಮಗ ಜಾನ್ ಲಾಯ್ಡ್ ರೈಟ್ ಸಿಟ್ಟಾಗಿ ಆಕ್ಷೇಪದ ಪತ್ರ ಬರೆದರು. ವೃತ್ತಿಯ ಅಭಿಮಾನ ಎಲ್ಲೆಡೆ ಒಂದೇ ಬಗೆ!

ಆ ಮನೆಯಲ್ಲಿ ಹೊಸ್ತಿಲುಗಳಿಲ್ಲ. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ನಮಸ್ಕರಿಸುವ ನಮಗೆ ಈ ಮಾತು ವಿಚಿತ್ರವೆನಿಸಬಹುದು. ಆದರೆ ಗಾಲಿಗೆ ಎರಡಂಗುಲದ ಮರದ ಪಟ್ಟಿಯೂ ಅಡ್ಡಗೋಡೆಯೇ. ಅವರು ಬಳಸುವ ಕೋಣೆಗಳೆಲ್ಲ ಒಂದೇ ಮಟ್ಟದಲ್ಲಿವೆ. ಕಿಟಕಿಗಳನ್ನು ತಗ್ಗಿಸಿ ಇಟ್ಟಿದ್ದಾರೆ. ಕುಳಿತ ಕಣ್ಣಿಗೂ ಹೊರಗಿನ ನೋಟ ಸಿಗಬೇಕು. ಎಲ್ಲಕ್ಕಿಂತ ಸೊಗಸಾದುದು ಜಗಲಿಯ ಕೊನೆ. ಅಲ್ಲಿ ಮೆಟ್ಟಿಲೂ ಇಲ್ಲ, ಇಳಿಜಾರೆಂದು ಗುರುತಿಸಬಹುದಾದ ರಚನೆಯೂ ಇಲ್ಲ. ಮಣ್ಣನ್ನು ಏರಿಸಿ, ಹುಲ್ಲು ಬೆಳೆಸಿ, ನೆಲವೇ ಮೆಲ್ಲನೆ ಜಗಲಿಯ ಮಟ್ಟಕ್ಕೆ ಬಂದು ಸೇರುವಂತೆ ಮಾಡಿದ್ದಾರೆ. ಮರೆಮಾಚುವ ಹಟ ಇಲ್ಲಿಯೂ ಇತ್ತೆನ್ನಬಹುದು. ಆದರೆ ಫಲವಾಗಿ ದೊರೆತದ್ದು ಎಲ್ಲರೂ ಒಂದೇ ದಾರಿಯಲ್ಲಿ ಬರುವ ಮನೆ. 1939ರ ಜೂನ್ 11ರಂದು ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್ ಮತ್ತು ರಾಣಿ ಎಲಿಜಬೆತ್ ಇದೇ ಜಗಲಿಯಲ್ಲಿ ವನಭೋಜನಕ್ಕೆ ಕುಳಿತರು. ಅವರಿಗೆ ಹಾಟ್ ಡಾಗ್ ಬಡಿಸಿದ ಸುದ್ದಿಯನ್ನು ಪತ್ರಿಕೆಗಳು ದೊಡ್ಡದು ಮಾಡಿದವು. ಜಗಲಿಯ ತುದಿಯ ಮಣ್ಣಿನ ದಿಬ್ಬದ ಗೊಡವೆ ಅವುಗಳಿಗೆ ಬೇಕಿರಲಿಲ್ಲ. ಎರಡು ವರ್ಷಗಳ ತರುವಾಯ ಅದೇ ಜಗಲಿಯಲ್ಲಿ, ಬಂಧುವಾದ ಮಾರ್ಗರೆಟ್ ಸಕ್ಲೀ ತೆಗೆದ ಒಂದು ಚಿತ್ರದಲ್ಲಿ ರೂಸ್‌ವೆಲ್ಟರು ಗಾಲಿಕುರ್ಚಿಯಲ್ಲಿ ನಿರಾಳವಾಗಿ ಕುಳಿತಿದ್ದಾರೆ. ತೊಡೆಯ ಮೇಲೆ ನಾಯಿ, ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ. ಅಡೆತಡೆಯಿಲ್ಲದ ಮನೆಯಲ್ಲಿ ಅವರು ಅಡಗುವುದನ್ನೂ ತುಸು ಮರೆತಿದ್ದರೇನೋ.

ಸ್ಪ್ರಿಂಗ್‌ವುಡ್ ಮನೆಯನ್ನು ರೂಸ್‌ವೆಲ್ಟರು ಬದುಕಿರುವಾಗಲೇ ರಾಷ್ಟ್ರಕ್ಕೆ ದಾನವಾಗಿ ಬರೆದುಕೊಟ್ಟಿದ್ದರು. ಅವರು ತೀರಿಕೊಂಡು ಸರಿಯಾಗಿ ಒಂದು ವರ್ಷಕ್ಕೆ, 1946ರ ಏಪ್ರಿಲ್ 12ರಂದು, ಅದು ಸಾರ್ವಜನಿಕರಿಗೆ ತೆರೆಯಿತು. ಒಬ್ಬ ಮನುಷ್ಯನ ಅಗತ್ಯಕ್ಕಾಗಿ ಬಂದಿದ್ದ ಇಳಿಜಾರು ಈಗ ಯಾರ ಅಗತ್ಯ? ಈ ಪ್ರಶ್ನೆಗೆ ಕಾನೂನಿನ ಉತ್ತರ ಬರಲು ಬಹಳ ಕಾಲ ಹಿಡಿಯಿತು. ಸರಕಾರಿ ಹಣದ ಕಟ್ಟಡಗಳಲ್ಲಿ ಅಂಗವಿಕಲರಿಗೆ ತಡೆಯಿರಬಾರದೆಂಬ ಶಾಸನ ಬಂದದ್ದು 1968ರಲ್ಲಿ. ಎಲ್ಲ ಸಾರ್ವಜನಿಕ ಸ್ಥಳಗಳನ್ನು ಒಳಗೊಳ್ಳುವ ವಿಶಾಲ ಶಾಸನ 1990ರಲ್ಲಿ. ಐತಿಹಾಸಿಕ ಕಟ್ಟಡಗಳಿಗೆ ಅಲ್ಲಿ ಸ್ವಲ್ಪ ವಿನಾಯಿತಿಯಿದೆ. ಮಾರ್ಪಾಡಿನಿಂದ ಕಟ್ಟಡದ ಮಹತ್ತ್ವವೇ ನಾಶವಾಗುವುದಾದರೆ ಬೇರೆ ಉಪಾಯ ಹುಡುಕಬಹುದು. ಮೇಲೇರಲಾಗದವರಿಗೆ ಮೇಲಿನ ಕೋಣೆಗಳನ್ನು ಚಿತ್ರಗಳ ಮೂಲಕ ಕೆಳಗೇ ತೋರಿಸುವುದು ಅಂಥ ಒಂದು ಉಪಾಯ. ವಿನಾಯಿತಿ ನ್ಯಾಯವಾದದ್ದೇ. ಆದರೆ ಅದನ್ನು ಮೊದಲ ಉತ್ತರವನ್ನಾಗಿ ಬಳಸುವುದೂ ಕೊನೆಯ ಉತ್ತರವನ್ನಾಗಿ ಬಳಸುವುದೂ ಒಂದೇ ಅಲ್ಲ.

ಮರೆಮಾಚುವಿಕೆಯ ಕಥೆ ರೂಸ್‌ವೆಲ್ಟರ ಸಾವಿನೊಂದಿಗೆ ಮುಗಿಯಲಿಲ್ಲ. ವಾಷಿಂಗ್ಟನ್ನಿನಲ್ಲಿ 1997ರ ಮೇ ತಿಂಗಳಲ್ಲಿ ಅವರ ಸ್ಮಾರಕ ಉದ್ಘಾಟನೆಯಾದಾಗ, ಅಲ್ಲಿನ ಪ್ರಧಾನ ಪ್ರತಿಮೆಯಲ್ಲಿ ಕುರ್ಚಿ ದೊಡ್ಡ ನಿಲುವಂಗಿಯ ಕೆಳಗೆ ಅಡಗಿತ್ತು. ಅಂಗವಿಕಲರ ಸಂಘಟನೆಗಳು ಪ್ರತಿಭಟಿಸಿದವು. ಅವರು ತಮ್ಮ ಅವಸ್ಥೆಯನ್ನು ತೋರಿಸಲು ಇಷ್ಟಪಡುತ್ತಿರಲಿಲ್ಲ ಎಂದು ಇತರರು ವಾದಿಸಿದರು. ಎರಡು ಕಡೆಯಲ್ಲಿಯೂ ಸತ್ಯವಿತ್ತು. ಕೊನೆಗೆ ಸಂಘಟನೆಗಳೇ ಹಣ ಕೂಡಿಸಿ, 2001ರ ಜನವರಿ 10ರಂದು ಸ್ಮಾರಕದ ಪ್ರವೇಶದಲ್ಲಿ ಮತ್ತೊಂದು ಪ್ರತಿಮೆಯನ್ನು ಸ್ಥಾಪಿಸಿದವು. ಅದರಲ್ಲಿ ಹೈಡ್ ಪಾರ್ಕಿನ ಬಡಗಿಯ ಕುರ್ಚಿಯನ್ನೇ ಹೋಲುವ ಗಾಲಿಕುರ್ಚಿ ಸ್ಪಷ್ಟವಾಗಿ ಕಾಣುತ್ತದೆ. ಖಾಸಗಿಯವರ ಕೈಗೆ ಹೋಗಿದ್ದ ಟಾಪ್ ಕಾಟೇಜ್ ಸಾರ್ವಜನಿಕರಿಗೆ ತೆರೆದದ್ದೂ ಅದೇ ವರ್ಷ.

ಅದೇ 2001ರ ಜನವರಿಯಲ್ಲಿ ನಮ್ಮ ದೇಶದಲ್ಲಿ ನಡೆದುದನ್ನು ಇಲ್ಲಿಯೇ ಹೇಳಬೇಕು. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಭಾರತಕ್ಕೆ ಬಂದಿದ್ದರು. ದೆಹಲಿಯ ಸ್ಮಾರಕಗಳನ್ನು ನೋಡಲು ಬಯಸಿದರು. ಅಂಗವಿಕಲರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿಯವರ ಒತ್ತಾಯದ ಮೇರೆಗೆ ಪುರಾತತ್ತ್ವ ಇಲಾಖೆ ಕೆಂಪುಕೋಟೆ, ಕುತುಬ್ ಮಿನಾರ್, ಜಂತರ್ ಮಂತರ್, ಹುಮಾಯೂನನ ಸಮಾಧಿಗಳಲ್ಲಿ ಮರದ ತಾತ್ಕಾಲಿಕ ಇಳಿಜಾರುಗಳನ್ನು ಇರಿಸಿತು. ಅಸಾಧ್ಯವೆಂದುಕೊಂಡದ್ದು ಒಬ್ಬ ಅತಿಥಿಗಾಗಿ ಸಾಧ್ಯವಾಯಿತು. ಕೋಟೆಗೂ ಗೋರಿಗೂ ಕಿಂಚಿತ್ತೂ ಕುಂದಾಗಲಿಲ್ಲ. 1995ರ ಕಾಯಿದೆ ಆಗಲೇ ಜಾರಿಯಲ್ಲಿತ್ತೆಂಬುದನ್ನು ನೆನೆದರೆ ಸಂತೋಷದ ಜೊತೆಗೆ ಬೇಸರವೂ ಆಗುತ್ತದೆ. ಅನಂತರ 2016ರ ಕಾಯಿದೆ ಬಂತು. ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಐದು ವರ್ಷಗಳ ಗಡುವು ಕೊಟ್ಟಿತು. ಗಡುವು ಕಳೆಯಿತು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯ, ಪ್ರವೇಶಯೋಗ್ಯತೆಯ ನಿಯಮಗಳು ಬರಿಯ ಸಲಹೆಗಳಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ತೀರ್ಪಿತ್ತಿತು.

ನಮ್ಮ ಕಾಸರಗೋಡು ಜಿಲ್ಲೆಗೆ ಈ ವಿಷಯ ದೂರದ್ದಲ್ಲ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎಣ್ಮಕಜೆ ಮುಂತಾದ ಊರುಗಳಲ್ಲಿ ನಡೆಯಲಾಗದೆ ಬೆಳೆದ ಮಕ್ಕಳು ಇಂದು ಮಕ್ಕಳಲ್ಲ, ವಯಸ್ಕರು. ಅವರಿಗೆ ಪರಿಹಾರಧನದ ಮಾತನ್ನು ನಾವು ಬಹಳ ಆಡಿದ್ದೇವೆ, ಆಡಲೇಬೇಕಿತ್ತು. ಬೇಕಲ ಕೋಟೆಯನ್ನೋ ಮಂಜೇಶ್ವರದ ಗೋವಿಂದ ಪೈಗಳ ಮನೆಯನ್ನೋ ನೋಡುವ ಆಸೆ ಅವರಿಗೂ ಇರಬಹುದೆಂಬ ಮಾತನ್ನು ಆಡಿದ್ದು ಕಡಿಮೆ. ನಮ್ಮ ಹಿರಿಯರ ಮನೆಗಳು ಮುರಕಲ್ಲಿನ ಎತ್ತರದ ಪಾಯದ ಮೇಲೆ ನಿಂತಿವೆ; ಮಳೆನಾಡಿನಲ್ಲಿ ಅದು ಅಗತ್ಯ. ಇಳಿಜಾರಿನ ಅಂಗೀಕೃತ ಲೆಕ್ಕ ಒಂದಕ್ಕೆ ಹನ್ನೆರಡು. ಆರಂಗುಲದ ಒಂದು ಮೆಟ್ಟಿಲಿಗೆ ಆರಡಿ ಉದ್ದ. ಮೂರು ಮೆಟ್ಟಿಲು ಏರಿ ಹೋಗುವ ಚಾವಡಿಗೆ ಹದಿನೆಂಟು ಅಡಿ. ಅಡಿಕೆ ಒಣಹಾಕುವ ನಮ್ಮ ಅಂಗಳಗಳಲ್ಲಿ ಹದಿನೆಂಟು ಅಡಿ ಜಾಗಕ್ಕೆ ಕೊರತೆಯಿಲ್ಲ. ಮಳೆಗಾಲದಲ್ಲಿ ಎತ್ತಿ ಒಳಗಿಡುವಂತೆ ಮರದಲ್ಲೇ ಮಾಡಿಸಿದರೆ ಒಂದು ಮುರಕಲ್ಲನ್ನೂ ಅಲುಗಿಸಬೇಕಾಗಿಲ್ಲ. ಹಲಗೆ ಬೇಕು, ಎರಡು ಬದಿಗೆ ತಡೆಪಟ್ಟಿ ಬೇಕು, ಜಾರದಂತೆ ಅಡ್ಡಪಟ್ಟಿ ಹೊಡೆಯಬಲ್ಲ ಒಬ್ಬ ಬಡಗಿ ಬೇಕು.