ಎಣ್ಣೆಗೆ ಜಗ್ಗದ ಹುಳು: ಚಿಕ್ಕೋಡಿ ಸೀಮೆಯ ಬೆಳೆಗಳಲ್ಲಿ ಕೀಟನಾಶಕ ನಿರೋಧಕತೆಯ ಇತಿಹಾಸ

ಪೀಠಿಕೆ

ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ರೈತರ ಬಾಯಲ್ಲಿ ಕೀಟನಾಶಕವೆಂದರೆ ‘ಎಣ್ಣಿ’. ಬೆನ್ನಿಗೆ ಪಂಪು ಹೊತ್ತು ಎರಡು ಸಲ ಎಣ್ಣೆ ಹೊಡೆದ ಮೇಲೂ ಸೋಯಾ ಎಲೆ ಜರಡಿಯಾಗುತ್ತಲೇ ಇದ್ದರೆ ಕಟ್ಟೆಯ ಮೇಲೆ ಎರಡು ಮಾತು ಕೇಳಿಬರುತ್ತವೆ. ‘ಹುಳ ಎಣ್ಣಿಗೆ ಜಗ್ಗವಲ್ದು’ ಎನ್ನುವುದು ಒಂದು. ‘ಎಣ್ಣಿನ ಡೂಪ್ಲಿಕೇಟ್ ಐತಿ’ ಎನ್ನುವುದು ಇನ್ನೊಂದು. ಮೊದಲನೆಯದು ಹುಳುವಿನ ಮೇಲಿನ ದೂರು, ಎರಡನೆಯದು ಅಂಗಡಿಯ ಮೇಲಿನದು.

ಮೊದಲ ಮಾತಿನ ಹಿಂದೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸವನ್ನು ಈ ಸೀಮೆಯ ಬೆಳೆಗಳಿಗೆ ಹೊಂದಿಸಿ ಓದುವುದು ಈ ಲೇಖನದ ಉದ್ದೇಶ. ಇಲ್ಲಿಯ ವಾದ ಇಷ್ಟೆ: ರೈತ ಬೆಳೆಯ ಲೆಕ್ಕದಲ್ಲಿ ಎಣ್ಣೆ ಹೊಡೆಯುತ್ತಾನೆ, ಹುಳು ಇಡೀ ಸೀಮೆಯ ಲೆಕ್ಕದಲ್ಲಿ ಬದುಕುತ್ತದೆ. ನಿರೋಧಕತೆ ಹುಟ್ಟುವುದು ಈ ಎರಡು ಲೆಕ್ಕ ತಾಳೆಯಾಗದ ಕಡೆ.

1914ರ ಎರಡು ದಾಖಲೆಗಳು

ಅಮೆರಿಕದ ವಾಷಿಂಗ್ಟನ್ ರಾಜ್ಯದ ಹಣ್ಣಿನ ತೋಟಗಳಲ್ಲಿ ಸ್ಯಾನ್ ಹೋಸೆ ಶಲ್ಕ ಕೀಟಕ್ಕೆ ಸುಣ್ಣ-ಗಂಧಕದ ದ್ರಾವಣ ಸಿಂಪಡಿಸುತ್ತಿದ್ದರು. ಕೆಲವೆಡೆ ಕೀಟ ಸಾಯದೆ ಉಳಿದದ್ದನ್ನು ಕಂಡ ಎ.ಎಲ್. ಮೆಲಾಂಡರ್, ಕೀಟಗಳು ಔಷಧಕ್ಕೆ ಒಗ್ಗಿಕೊಳ್ಳಬಲ್ಲವೇ ಎಂಬ ಪ್ರಶ್ನೆಯನ್ನು 1914ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಕೀಟನಾಶಕ ನಿರೋಧಕತೆಯ ಮೊದಲ ದಾಖಲೆ ಎಂದು ವಿದ್ವಾಂಸರು ಎಣಿಸುವುದು ಅದನ್ನೇ. ಅದೇ ವರ್ಷ ಮದರಾಸಿನಲ್ಲಿ ಟಿ. ಬೈನ್‌ಬ್ರಿಗ್ ಫ್ಲೆಚರ್ ಅವರ ದಕ್ಷಿಣ ಭಾರತದ ಕೀಟಗಳ ಕುರಿತ ಗ್ರಂಥ ಹೊರಬಂತು. ಅತ್ತ ನಿರೋಧಕತೆಗೆ ಲಿಖಿತ ಇತಿಹಾಸ ಶುರುವಾಗುವಾಗ ಇತ್ತ ನಮ್ಮ ಹೊಲಗಳ ಕೀಟಗಳ ಪಟ್ಟಿ ಆಗಷ್ಟೇ ಸಿದ್ಧವಾಗುತ್ತಿತ್ತು.

ಪುಡಿಯಿಂದ ಪೈರೆಥ್ರಾಯ್ಡ್‌ಗೆ

ಡಿಡಿಟಿಯ ಕೀಟನಾಶಕ ಗುಣವನ್ನು ಪಾಲ್ ಮುಲ್ಲರ್ ಕಂಡುಕೊಂಡದ್ದು 1939ರಲ್ಲಿ. ಅದಕ್ಕೆ ನೊಬೆಲ್ ಬಂದದ್ದು 1948ರಲ್ಲಿ. ಭಾರತದಲ್ಲಿ 1952ರಲ್ಲಿ ಕೋಲ್ಕತ್ತದ ಬಳಿ ಬಿ.ಎಚ್.ಸಿ. ಎಂಬ ಕೀಟನಾಶಕ ಪುಡಿಯ ತಯಾರಿಕೆ ಶುರುವಾಯಿತು. ಹತ್ತು-ಹನ್ನೆರಡು ವರ್ಷ ಕಳೆಯುವುದರೊಳಗೆ ಪರಿಣಾಮ ಕಣ್ಣಿಗೆ ಬಿತ್ತು. ಕೆರೆಯಲ್ಲಿ ಬೆಳೆಯುವ ಸಿಂಗಾಡಾದ ದುಂಬಿ ಡಿಡಿಟಿ ಮತ್ತು ಬಿ.ಎಚ್.ಸಿ.ಗೆ ಜಗ್ಗುತ್ತಿಲ್ಲವೆಂದು 1963ರಲ್ಲಿ ವರದಿಯಾಯಿತು. 1965ರಲ್ಲಿ ಬಿ.ಎಚ್.ಸಿ.ಗೆ ನಿರೋಧಕತೆ ತೋರಿದ ಕೀಟ ನಮ್ಮ ಸೀಮೆಗೆ ತೀರ ಹತ್ತಿರದ್ದು: ಸ್ಪೊಡೊಪ್ಟೆರಾ ಲಿಟುರಾ, ಅಂದರೆ ತಂಬಾಕಿನ ಎಲೆ ತಿನ್ನುವ ಹುಳು.

ಕೀಟನಾಶಕ ಕಾಯ್ದೆ ಬಂದದ್ದು 1968ರಲ್ಲಿ. ಆಮೇಲೆ ಕ್ವಿನಾಲ್‌ಫಾಸ್, ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಬಂದವು. 1980ರ ಸುಮಾರಿಗೆ ಸೈಪರ್‌ಮೆಥ್ರಿನ್, ಫೆನ್‌ವಲರೇಟ್‌ನಂಥ ಪೈರೆಥ್ರಾಯ್ಡ್‌ಗಳು ಬಂದವು. ಇಲ್ಲೊಂದು ಸೂಕ್ಷ್ಮವಿದೆ. ಡಿಡಿಟಿ ಮತ್ತು ಪೈರೆಥ್ರಾಯ್ಡ್ ಎರಡೂ ಹೊಡೆಯುವುದು ಕೀಟದ ನರದಲ್ಲಿರುವ ಸೋಡಿಯಂ ದ್ವಾರಕ್ಕೇ. ಡಿಡಿಟಿಯ ಕಾಲದಲ್ಲಿ ಆ ದ್ವಾರ ಬದಲಾಗಿದ್ದ ಕೀಟದ ಸಂತತಿ ಹೊಸ ಔಷಧ ಬರುವ ಮೊದಲೇ ಅದನ್ನು ತಡೆದುಕೊಳ್ಳಲು ಅರ್ಧ ತಯಾರಾಗಿರುತ್ತದೆ. 1987ರಲ್ಲಿ ಆಂಧ್ರದ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿಯಲ್ಲಿ ಕಾಯಿಕೊರಕ ಪೈರೆಥ್ರಾಯ್ಡ್‌ಗೆ ಸೊಪ್ಪು ಹಾಕಲಿಲ್ಲ. ಬಿ.ಎಚ್.ಸಿ. ನಿಷೇಧವಾದದ್ದು 1997ರಲ್ಲಿ. ಆ ಹೊತ್ತಿಗೆ ಅದರ ಮುಂದಿನ ಪೀಳಿಗೆಯ ಔಷಧಗಳೇ ಸೋಲತೊಡಗಿದ್ದವು.

ಒಂದೇ ಹುಳು, ನಾಲ್ಕು ಹೊಲ

ನಿಪ್ಪಾಣಿಯೆಂದರೆ ಬೀಡಿ ತಂಬಾಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ತಂಬಾಕು ಸಂಶೋಧನೆಯ ನೆಲೆಯೂ ಅಲ್ಲೇ ಇದೆ. ಮುಂಗಾರಿನ ಮೊದಲಲ್ಲಿ ತಂಬಾಕಿನ ಸಸಿ ಮಡಿ ಎಳೆಯದಿರುತ್ತದೆ. ಮಡಿಯ ಸುತ್ತ ಔಡಲ ಹಾಕುವ ಪದ್ಧತಿಗೆ ಕಾರಣವಿದೆ: ಸ್ಪೊಡೊಪ್ಟೆರಾ ಪತಂಗಕ್ಕೆ ಔಡಲದ ಎಲೆ ಬಲು ಇಷ್ಟ. ಆ ಎಲೆಯನ್ನು ಮಗುಚಿ ನೋಡಿದರೆ ಕಂದು ರೋಮ ಹೊದ್ದ ಸಣ್ಣ ಕಂಬಳಿ ಚೂರಿನಂಥ ಗುಪ್ಪೆ ಕಾಣುತ್ತದೆ. ಅದರ ಅಡಿಯಲ್ಲಿ ನೂರಾರು ಮೊಟ್ಟೆ. ಮೂರ್ನಾಲ್ಕು ದಿನದಲ್ಲಿ ಒಡೆದು ಬಂದ ಮರಿಗಳು ಮೊದಲು ಒಂದೇ ಎಲೆಯ ಮೇಲೆ ಗುಂಪಾಗಿ ಹಸಿರು ಕೆರೆದು ತಿನ್ನುತ್ತವೆ, ಎಲೆ ಕಾಗದದಂತಾಗುತ್ತದೆ. ದೊಡ್ಡವಾದಂತೆ ಚದುರಿ, ಹಗಲು ಮಣ್ಣಿನ ಬಿರುಕಿನಲ್ಲಿ ಅವಿತು ರಾತ್ರಿ ಮೇಯುತ್ತವೆ.

ಸಸಿ ಮಡಿಯಲ್ಲಿ ಬದುಕುಳಿದ ಹುಳು ಪತಂಗವಾಗಿ ಹಾರುವ ಹೊತ್ತಿಗೆ ಪಕ್ಕದಲ್ಲಿ ಸೋಯಾ ಎಲೆ ತುಂಬಿ ನಿಂತಿರುತ್ತದೆ. ಅತ್ತ ಶೇಂಗಾ, ನಾಟಿಯಾದ ತಂಬಾಕು. ನೀರಾವರಿ ಇದ್ದಲ್ಲಿ ಮುಂದೆ ಕೋಸು, ಮೆಣಸಿನಕಾಯಿ. ಒಂದು ತಲೆಮಾರು ಮುಗಿಯಲು ಹೆಚ್ಚುಕಡಿಮೆ ಒಂದು ತಿಂಗಳು ಸಾಕು. ದೂಧಗಂಗಾ, ವೇದಗಂಗಾ, ಕೃಷ್ಣೆಯ ನೀರು ಈ ಹುಳುವಿಗೆ ವರ್ಷವಿಡೀ ಮೇವು ಒದಗಿಸುತ್ತದೆ. ನಾಲ್ಕು ಬೆಳೆಗೆ ನಾಲ್ಕು ಸಲ ಎಣ್ಣೆ ಹೊಡೆದದ್ದಾಗಿ ರೈತನ ಲೆಕ್ಕ. ಹುಳುವಿನ ವಂಶದ ಲೆಕ್ಕದಲ್ಲಿ ಅದು ಒಂದರ ಹಿಂದೆ ಒಂದು ನಾಲ್ಕು ಪರೀಕ್ಷೆ. ಪ್ರತಿ ಪರೀಕ್ಷೆಯಲ್ಲೂ ಬಡವು ಸಾಯುತ್ತವೆ, ಗಟ್ಟಿಯವು ಮೊಟ್ಟೆ ಇಡುತ್ತವೆ. ಹುಳು ಏನನ್ನೂ ಕಲಿಯುವುದಿಲ್ಲ. ಆರಿಸಿ ಉಳಿಸುವ ಕೆಲಸ ನಮ್ಮದೇ.

ಇದೇ ಸೀಮೆಯ ಕಬ್ಬಿನ ಗೊಣ್ಣೆ ಹುಳುವನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅದಕ್ಕೆ ವರ್ಷಕ್ಕೆ ಒಂದೇ ತಲೆಮಾರು. ಅಥಣಿಯ ತೆಲಸಂಗ ಭಾಗದ ದ್ರಾಕ್ಷಿಯ ಥ್ರಿಪ್ಸ್‌ಗೆ ವರ್ಷದಲ್ಲಿ ಹತ್ತಾರು. ತಲೆಮಾರು ಎಷ್ಟು ಬೇಗ ಉರುಳುತ್ತದೋ ನಿರೋಧಕತೆಯೂ ಅಷ್ಟು ಬೇಗ ಬಲಿಯುತ್ತದೆ.

ಸಾಯದ ಹುಳುವೆಲ್ಲ ನಿರೋಧಕವಲ್ಲ

ಸಂಶೋಧಕ ಇಲ್ಲಿ ಎಚ್ಚರ ವಹಿಸಬೇಕು. ಕಳಪೆ ಔಷಧ, ಕಡಿಮೆ ನೀರು, ಎಲೆಯ ಅಡಿಗೆ ತಾಗದ ಸಿಂಪಡಣೆ, ಹುಳು ಬಲಿತ ಮೇಲೆ ಹೊಡೆದದ್ದು, ಇವುಗಳಿಂದಲೂ ಹುಳು ಉಳಿಯುತ್ತದೆ. ನಿರೋಧಕತೆ ಎನ್ನಬೇಕಾದರೆ ಹೊಲದ ಹುಳುವನ್ನು ಪ್ರಯೋಗಾಲಯದಲ್ಲಿ ಸಾಕಿ, ಅರ್ಧದಷ್ಟು ಸಾಯಲು ಬೇಕಾದ ಪ್ರಮಾಣವನ್ನು ಔಷಧ ಕಾಣದ ತಳಿಯೊಂದಿಗೆ ಹೋಲಿಸಬೇಕು.

ಡಬ್ಬಿಯ ಮೇಲಿನ ಬಣ್ಣವೂ ದಾರಿ ತಪ್ಪಿಸುತ್ತದೆ. ಕೆಂಪು ತ್ರಿಕೋನದ ಔಷಧ ‘ಜೋರು’ ಎಂಬ ನಂಬಿಕೆ ವ್ಯಾಪಕ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ತಿಳಿಸುವುದು ಮನುಷ್ಯನಿಗೆ ಆಗುವ ಅಪಾಯವನ್ನು, ಹುಳುವಿನ ಸಾವನ್ನಲ್ಲ. ಹೆಸರು ಬೇರೆಯಾದ ಎರಡು ಡಬ್ಬಿಗಳಲ್ಲಿ ಒಂದೇ ಗುಂಪಿನ ರಾಸಾಯನಿಕ ಇದ್ದರೆ ಔಷಧ ಬದಲಿಸಿದ್ದು ಹೆಸರಿಗಷ್ಟೇ.

2002ರ ಪಾಠ

2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಬೆಳಗಾವಿ ಜಿಲ್ಲೆಯ ಕಬ್ಬಿಗೂ ಹಬ್ಬಿತು. ಎಲೆಯಡಿ ಬೂದಿ ಚೆಲ್ಲಿದಂತೆ ಬಿಳುಪು, ಕೆಳಗಿನ ಎಲೆಯ ಮೇಲೆ ಅಂಟು, ಆ ಅಂಟಿನ ಮೇಲೆ ಕಪ್ಪು ಬೂಷ್ಟು. ಆಳೆತ್ತರ ಮೀರಿದ ಕಬ್ಬಿನೊಳಗೆ ಪಂಪು ಹೊತ್ತು ನುಗ್ಗುವುದು ಆಗದ ಮಾತು. ಕೊನೆಗೆ ಹೇನನ್ನು ಹತೋಟಿಗೆ ತಂದದ್ದು ಅದನ್ನು ತಿನ್ನುವ ಡಿಫಾ ಮರಿಹುಳು ಮತ್ತು ಮೈಕ್ರೊಮಸ್ ಕೀಟ. ಧಾರವಾಡದ ಮತ್ತು ಬೆಂಗಳೂರಿನ ವಿಜ್ಞಾನಿಗಳು ಅವುಗಳ ಮೇಲೆ ಕೆಲಸ ಮಾಡಿದರು. ಅವು ಇದ್ದ ಗರಿಗಳು ಹೊಲದಿಂದ ಹೊಲಕ್ಕೆ ಸಾಗಿದವು. ಎಣ್ಣೆ ಹೊಡೆದಿದ್ದರೆ ಮೊದಲು ಸಾಯುತ್ತಿದ್ದವು ಇವೇ.

ಸೋಯಾದಲ್ಲೂ ಅಂಥ ನೆಂಟನಿದ್ದಾನೆ. ಜಿಟಿಜಿಟಿ ಮಳೆಯ ದಿನಗಳಲ್ಲಿ ಎಲೆ ಕಚ್ಚಿಕೊಂಡೇ ಬಿಳಿಯಾಗಿ ಸೆಟೆದು, ಆಮೇಲೆ ತಿಳಿಹಸಿರು ಪುಡಿ ಹೊದ್ದ ಹುಳು ಸಿಕ್ಕರೆ ಅದು ನೊಮುರಿಯಾ ಶಿಲೀಂಧ್ರದ ಕೆಲಸ. ಧಾರವಾಡ ವಿಶ್ವವಿದ್ಯಾಲಯ ಇದನ್ನು ಬಹಳ ಕಾಲದಿಂದ ಬೆಳೆಸಿ ಪ್ರಚಾರ ಮಾಡಿದೆ.

ಉಪಸಂಹಾರ

2018ರ ಮೇನಲ್ಲಿ ಭಾರತದಲ್ಲಿ ಮೊದಲ ಸಲ ಶಿವಮೊಗ್ಗದಲ್ಲಿ ಕಂಡ ಫಾಲ್ ಸೈನಿಕ ಹುಳು ಅದೇ ವರ್ಷ ಸಾಂಗ್ಲಿಯ ಕಬ್ಬಿನಲ್ಲೂ ಸಿಕ್ಕಿತು. ರಾಜ್ಯದ ಗಡಿ ನಕಾಶೆಯಲ್ಲಿದೆ, ಪತಂಗದ ದಾರಿಯಲ್ಲಿಲ್ಲ. ಆದ್ದರಿಂದ ಔಷಧದ ಗುಂಪನ್ನು ಬದಲಿಸುವ ತೀರ್ಮಾನ ಒಬ್ಬ ರೈತನ ಹೊಲಕ್ಕೆ, ಒಂದು ಬೆಳೆಗೆ ನಿಂತರೆ ಫಲವಿಲ್ಲ. ಊರಿನ ತಂಬಾಕು, ಸೋಯಾ, ತರಕಾರಿ ಮೂರಕ್ಕೂ ಸೇರಿಸಿ ಒಂದೇ ಲೆಕ್ಕ ಹಾಕಬೇಕು. ಅಲ್ಲಿಯವರೆಗೆ ಪ್ರತಿಯೊಬ್ಬರೂ ಮಾಡಬಹುದಾದ ಕೆಲಸ ಒಂದಿದೆ: ಪಂಪು ಹೆಗಲಿಗೇರಿಸುವ ಮೊದಲು ಔಡಲದ ಎಲೆಯನ್ನು ಮಗುಚಿ ನೋಡುವುದು. ಗುಪ್ಪೆ ಅಲ್ಲೇ ಇದ್ದರೆ ಎಲೆಯನ್ನು ಕಿತ್ತು ಸುಟ್ಟರೆ ಸಾಕು. ಮೊಟ್ಟೆ ಕೀಳುವ ಕೈಗೆ ಯಾವ ಹುಳುವೂ ನಿರೋಧಕತೆ ಬೆಳೆಸಿಕೊಂಡಿಲ್ಲ.