ಗಣಕದ ಮಿದುಳಿಗೆ ಗಾಳಿ ಬೀಸಿದ ಕಥೆ

ಕಂಪ್ಯೂಟರ್ ಪೆಟ್ಟಿಗೆಯ ಬದಿಯ ಮುಚ್ಚಳ ತೆಗೆದು ಒಳಗೆ ಇಣುಕಿದರೆ ಮೊದಲು ಕಣ್ಣಿಗೆ ಬೀಳುವುದು ಲೆಕ್ಕ ಮಾಡುವ ಚಿಪ್ ಅಲ್ಲ. ಅದರ ಮೇಲೆ ಗೋಪುರದಂತೆ ನಿಂತಿರುವ ಲೋಹದ ತೆಳು ಹಾಳೆಗಳ ರಾಶಿ ಮತ್ತು ಅದಕ್ಕೆ ಅಂಟಿಕೊಂಡಿರುವ ಫ್ಯಾನು. ಅಂಗೈಯಲ್ಲಿ ಅಡಗುವ ಚಿಪ್ಪಿಗೆ ಕೆಲವೊಮ್ಮೆ ಒಂದು ಕಿಲೋಗ್ರಾಂಗೂ ಮೀರಿದ ತೂಕದ ಕೂಲರ್! ದೀಪಕ್ಕಿಂತ ದೀಪಸ್ತಂಭವೇ ದೊಡ್ಡದಾದ ಈ ವೈಚಿತ್ರ್ಯದ ಹಿಂದೆ ಎಂಟು ದಶಕಗಳ ಇತಿಹಾಸವಿದೆ. ಕಂಪ್ಯೂಟರಿನ ವೇಗದ ಕಥೆಯೆಂದರೆ ಒಂದರ್ಥದಲ್ಲಿ ಶಾಖದೊಡನೆ ಮನುಷ್ಯ ನಡೆಸಿದ ಹೋರಾಟದ ಕಥೆಯೇ. ಕಾರ್ಖಾನೆ ನಿಗದಿಪಡಿಸಿದ ವೇಗವನ್ನು ಮೀರಿ ಚಿಪ್ಪನ್ನು ಓಡಿಸುವ ‘ಓವರ್‌ಕ್ಲಾಕಿಂಗ್’ ಎಂಬ ಹವ್ಯಾಸ ಹುಟ್ಟಿದ್ದೂ ಬೆಳೆದದ್ದೂ ಈ ಹೋರಾಟದ ಅಂಗಳದಲ್ಲಿಯೇ.

ಕೋಣೆ ತುಂಬ ಕಾವು

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಿರ್ಮಾಣಗೊಂಡು 1946ರಲ್ಲಿ ಲೋಕಕ್ಕೆ ಪರಿಚಯವಾದ ‘ಎನಿಯಾಕ್’ ಗಣಕದಲ್ಲಿ ಸುಮಾರು 18 ಸಾವಿರ ನಿರ್ವಾತ ನಳಿಕೆಗಳಿದ್ದವು. ಅದು ಸೆಳೆಯುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್. ಅಷ್ಟೂ ವಿದ್ಯುತ್ತು ಕೊನೆಗೆ ಶಾಖವಾಗಿಯೇ ಹೊರಬರಬೇಕಾದುದರಿಂದ ದೊಡ್ಡ ಬ್ಲೋವರ್‌ಗಳ ಮೂಲಕ ಸತತವಾಗಿ ಗಾಳಿ ನೂಕಬೇಕಿತ್ತು. ನಳಿಕೆಗಳು ಹೆಚ್ಚಾಗಿ ಕೈಕೊಡುತ್ತಿದ್ದುದು ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುವಾಗ. ಕಾದು ತಣಿಯುವ ಏರಿಳಿತವೇ ಅವುಗಳಿಗೆ ಮೃತ್ಯುವಾಗಿತ್ತು.

ಮುಂದೆ ಟ್ರಾನ್ಸಿಸ್ಟರ್ ಬಂದಾಗ ಶಾಖದ ಕಾಟ ಮುಗಿಯಿತೆಂದು ಅನೇಕರು ಭಾವಿಸಿದ್ದುಂಟು. ಆದರೆ ಒಂದು ನಳಿಕೆಯ ಜಾಗದಲ್ಲಿ ಸಾವಿರಾರು ಟ್ರಾನ್ಸಿಸ್ಟರ್‌ಗಳನ್ನು ತುಂಬಿದಾಗ ಸಮಸ್ಯೆ ಹಿಂತಿರುಗಿತು. ಸೀಮೋರ್ ಕ್ರೇ ರೂಪಿಸಿದ, 1976ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯ ಸೇರಿದ ‘ಕ್ರೇ-1’ ಸೂಪರ್ ಕಂಪ್ಯೂಟರಿಗೆ ರೆಫ್ರಿಜರೇಟರಿನಲ್ಲಿ ಬಳಸುವಂಥ ಫ್ರಿಯಾನ್ ದ್ರವವನ್ನು ಕೊಳವೆಗಳಲ್ಲಿ ಹರಿಸಿ ತಂಪು ಮಾಡಬೇಕಾಯಿತು. 1985ರ ‘ಕ್ರೇ-2’ ಇನ್ನೂ ಮುಂದೆ ಹೋಯಿತು. ಅದರ ವಿದ್ಯುನ್ಮಂಡಲಗಳನ್ನೇ ವಿದ್ಯುತ್ ಹರಿಯಗೊಡದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಪೂರ್ತಿ ಮುಳುಗಿಸಲಾಗಿತ್ತು.

ಮನೆಯ ಮೇಜಿನ ಮೇಲೆ ಕುಳಿತ ಗಣಕಗಳಿಗೆ ಮೊದಮೊದಲು ಈ ಚಿಂತೆ ಇರಲಿಲ್ಲ. 1981ರ ಐಬಿಎಂ ಪಿಸಿಯಲ್ಲಿದ್ದ ಇಂಟೆಲ್ 8088 ಚಿಪ್ ಓಡುತ್ತಿದ್ದುದು 4.77 ಮೆಗಾಹರ್ಟ್ಸ್ ವೇಗದಲ್ಲಿ. ಅದರ ಮೇಲೆ ಫ್ಯಾನಿರಲಿ, ಶಾಖ ಹೀರುವ ಲೋಹದ ಪಟ್ಟಿಯೂ ಇರಲಿಲ್ಲ. 1993ರಲ್ಲಿ 60 ಮತ್ತು 66 ಮೆಗಾಹರ್ಟ್ಸ್‌ಗಳ ಮೊದಲ ಪೆಂಟಿಯಂ ಚಿಪ್‌ಗಳು ಬಂದಾಗ ಚಿತ್ರ ಬದಲಾಯಿತು. ಐದು ವೋಲ್ಟ್‌ಗಳಲ್ಲಿ ನಡೆಯುತ್ತಿದ್ದ ಈ ಚಿಪ್‌ಗಳು 15 ವ್ಯಾಟ್ ಆಸುಪಾಸಿನ ಶಾಖ ಹೊಮ್ಮಿಸತೊಡಗಿದವು. ಅಂದಿನಿಂದ ಹೀಟ್‌ಸಿಂಕ್ ಮತ್ತು ಪುಟ್ಟ ಫ್ಯಾನು ಗಣಕದ ಅವಿಭಾಜ್ಯ ಅಂಗಗಳಾದವು.

ಹರಳು ಬದಲಿಸಿದವರು

ಚಿಪ್ಪೊಂದರ ವೇಗವನ್ನು ತೀರ್ಮಾನಿಸುವುದು ‘ಕ್ಲಾಕ್’ ಎಂಬ ವಿದ್ಯುತ್ ಮಿಡಿತ. ಹುಟ್ಟುಹಾಕುವವನು ಹೊಡೆದ ತಾಳಕ್ಕೆ ಇಡೀ ದೋಣಿ ಸಾಗುವಂತೆ, ಈ ಮಿಡಿತಕ್ಕೆ ಚಿಪ್ಪಿನ ಎಲ್ಲ ಟ್ರಾನ್ಸಿಸ್ಟರ್‌ಗಳೂ ಹೆಜ್ಜೆ ಹಾಕುತ್ತವೆ. ಐಬಿಎಂ 1984ರಲ್ಲಿ ಹೊರತಂದ ‘ಪಿಸಿ ಎಟಿ’ ಯಂತ್ರದಲ್ಲಿ ಈ ಮಿಡಿತ ಬರುತ್ತಿದ್ದುದು 12 ಮೆಗಾಹರ್ಟ್ಸ್‌ನ ಸ್ಫಟಿಕದ ಹರಳಿನಿಂದ. ಅದರ ಅರ್ಧ, ಅಂದರೆ 6 ಮೆಗಾಹರ್ಟ್ಸ್ ವೇಗ ಚಿಪ್ಪಿಗೆ ದಕ್ಕುತ್ತಿತ್ತು. ಜಾಣ ಬಳಕೆದಾರರು ಆ ಹರಳನ್ನು ಕಿತ್ತು 16 ಮೆಗಾಹರ್ಟ್ಸ್‌ನ ಹರಳು ಕೂಡಿಸಿದರು. ಯಂತ್ರ 8 ಮೆಗಾಹರ್ಟ್ಸ್‌ನಲ್ಲಿ ಓಡಿತು! ಅತಿ ಕಡಿಮೆ ಖರ್ಚಿನಲ್ಲಿ ಮೂರನೇ ಒಂದು ಭಾಗದಷ್ಟು ಹೆಚ್ಚಿನ ವೇಗ. ಇದನ್ನು ಕಂಡ ಕಂಪೆನಿ, ನಿಗದಿತ ವೇಗ ಮೀರಿದರೆ ಯಂತ್ರ ಆರಂಭವೇ ಆಗದಂತೆ ತನ್ನ ಬಯೋಸ್ ತಂತ್ರಾಂಶವನ್ನು ತಿದ್ದಿತು. ತಯಾರಕರಿಗೂ ಹವ್ಯಾಸಿಗಳಿಗೂ ನಡುವಣ ಹಗ್ಗಜಗ್ಗಾಟಕ್ಕೆ ಇದೇ ನಾಂದಿ.

ಹಾಗಾದರೆ ಕಾರ್ಖಾನೆಯವರು ಚಿಪ್ಪಿಗೆ ಅದರ ಶಕ್ತಿಗಿಂತ ಕಡಿಮೆ ವೇಗವನ್ನೇಕೆ ನಿಗದಿಪಡಿಸುತ್ತಾರೆ? ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳೆಲ್ಲ ಒಂದೇ ತೆರನಾಗಿರುವುದಿಲ್ಲ. ಒಂದೇ ಮರದ ಹಣ್ಣುಗಳಲ್ಲೂ ಸಿಹಿ ಹೆಚ್ಚುಕಡಿಮೆ ಇರುವಂತೆ ಇಲ್ಲಿಯೂ ವ್ಯತ್ಯಾಸವುಂಟು. ಕಾರ್ಖಾನೆ ಅವನ್ನು ಪರೀಕ್ಷಿಸಿ, ಬಿಸಿಲ ನಾಡಿನಲ್ಲೂ ಸಾಧಾರಣ ಫ್ಯಾನಿನಡಿಯಲ್ಲೂ ವರ್ಷಗಟ್ಟಲೆ ದುಡಿಯುವಂತೆ ಸ್ವಲ್ಪ ಅಂತರ ಇಟ್ಟುಕೊಂಡೇ ವೇಗ ಮುದ್ರಿಸುತ್ತದೆ. ಕೆಲವೊಮ್ಮೆ ಅಗ್ಗದ ಚಿಪ್‌ಗಳಿಗೆ ಬೇಡಿಕೆ ಹೆಚ್ಚಿದಾಗ ಉತ್ತಮ ಚಿಪ್‌ಗಳಿಗೂ ಕಡಿಮೆ ವೇಗದ ಮುದ್ರೆ ಬೀಳುವುದುಂಟು. ಆ ಅಂತರವನ್ನು ಬಳಸಿಕೊಳ್ಳುವುದೇ ಓವರ್‌ಕ್ಲಾಕಿಂಗ್.

ಇದರ ಸುವರ್ಣಯುಗ 1998. ಆ ವರ್ಷದ ಆಗಸ್ಟಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ‘ಸೆಲೆರಾನ್ 300ಎ’ ಬಡವರ ಚಿಪ್ ಎಂದೇ ಹೆಸರಾಗಿತ್ತು. ಅದರ ಗುಣಕ ನಾಲ್ಕೂವರೆಗೆ ಬೀಗ ಹಾಕಿತ್ತು. ಮದರ್‌ಬೋರ್ಡಿನ ಮೂಲ ಮಿಡಿತ 66 ಮೆಗಾಹರ್ಟ್ಸ್ ಆಗಿದ್ದುದರಿಂದ ಚಿಪ್ಪಿನ ವೇಗ 300. ಆದರೆ ಮೂಲ ಮಿಡಿತವನ್ನೇ 100ಕ್ಕೆ ಏರಿಸಿದರೆ? ನಾಲ್ಕೂವರೆ ನೂರು! ಅಂದಿನ ಅತ್ಯುನ್ನತ ಪೆಂಟಿಯಂ-2 ಚಿಪ್ಪಿನ ವೇಗವೂ ಅಷ್ಟೇ ಆಗಿತ್ತು, ಬೆಲೆ ಮಾತ್ರ ಹಲವು ಪಟ್ಟು. ತೈವಾನಿನ ಅಬಿಟ್ ಕಂಪೆನಿಯ ‘ಬಿಎಚ್6’ ಮದರ್‌ಬೋರ್ಡಿನಲ್ಲಿ ಈ ಬದಲಾವಣೆಯನ್ನು ಕೀಲಿಮಣೆಯಿಂದಲೇ ಮಾಡಬಹುದಿತ್ತು. ಆ ಸೌಲಭ್ಯವಿಲ್ಲದವರು ಚಿಪ್ಪಿನ ಒಂದು ಸಂಪರ್ಕಬಿಂದುವಿಗೆ ಅಂಟುಪಟ್ಟಿ ಹಚ್ಚಿ ಮದರ್‌ಬೋರ್ಡನ್ನು ಯಾಮಾರಿಸಿದರು. ಎರಡು ವರ್ಷಗಳ ನಂತರ ಎಎಂಡಿ ಕಂಪೆನಿಯ ಹೊಸ ಬಗೆಯ ಅಥ್ಲಾನ್ ಚಿಪ್ ಬಂದಾಗ, ಅದರ ಮೇಲ್ಮೈಯಲ್ಲಿ ತುಂಡಾಗಿದ್ದ ಸಂಪರ್ಕಗೆರೆಗಳನ್ನು ಸಾಮಾನ್ಯ ಪೆನ್ಸಿಲ್ಲಿನಿಂದ ತೀಡಿ ಬೀಗ ತೆರೆದವರಿದ್ದರು. ಪೆನ್ಸಿಲ್ಲಿನ ಗ್ರಾಫೈಟ್ ವಿದ್ಯುದ್ವಾಹಕವೆಂಬ ಶಾಲಾ ಪಾಠ ಅಲ್ಲಿ ನೆರವಿಗೆ ಬಂದಿತ್ತು.

ಈ ಚತುರತೆಗೆ ಇನ್ನೊಂದು ಮುಖವೂ ಇತ್ತು. ಕಡಿಮೆ ವೇಗದ ಚಿಪ್ಪಿನ ಅಂಕಿಯನ್ನು ಅಳಿಸಿ, ಹೆಚ್ಚಿನ ವೇಗದ ಅಂಕಿ ಮುದ್ರಿಸಿ ಗಿರಾಕಿಗಳನ್ನು ವಂಚಿಸುವ ದಂಧೆ 1990ರ ದಶಕದಲ್ಲಿ ಹಬ್ಬಿತ್ತು. ಗುಣಕಕ್ಕೆ ಬೀಗ ಹಾಕುವ ಪದ್ಧತಿ ಬರಲು ಇದೂ ಒಂದು ಕಾರಣ.

ಶಾಖದ ಗಣಿತ

ಚಿಪ್ ಹೊಮ್ಮಿಸುವ ಶಾಖಕ್ಕೆ ಸರಳ ಸೂತ್ರವಿದೆ. ಅದು ವೇಗದೊಡನೆ ನೇರ ಅನುಪಾತದಲ್ಲಿ ಏರಿದರೆ, ವೋಲ್ಟೇಜಿನೊಡನೆ ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೇಗ ಹೆಚ್ಚಿಸಿದಾಗ ಚಿಪ್ ತಡವರಿಸದಂತೆ ವೋಲ್ಟೇಜನ್ನೂ ತುಸು ಏರಿಸಬೇಕಾಗುತ್ತದೆ. ತೊಂದರೆ ಇರುವುದು ಇಲ್ಲಿಯೇ. 100 ವ್ಯಾಟಿನ ಚಿಪ್ಪೊಂದರ ವೇಗವನ್ನೂ ವೋಲ್ಟೇಜನ್ನೂ ಶೇಕಡ 10ರಷ್ಟು ಏರಿಸಿದರೆ ಶಾಖ 110 ವ್ಯಾಟ್ ಆಗುವುದಿಲ್ಲ, 133 ವ್ಯಾಟ್ ಆಗುತ್ತದೆ. ಹತ್ತು ಪಾಲು ಲಾಭಕ್ಕೆ ಮೂವತ್ತಮೂರು ಪಾಲು ದಂಡ!

ಈ ಶಾಖವನ್ನು ಹೊರಹಾಕದಿದ್ದರೆ ಏನಾಗುತ್ತದೆಂಬುದಕ್ಕೆ 2001ರ ಸೆಪ್ಟೆಂಬರಿನಲ್ಲಿ ಥಾಮಸ್ ಪ್ಯಾಬ್ಸ್ಟ್ ಸ್ಥಾಪಿಸಿದ ‘ಟಾಮ್ಸ್ ಹಾರ್ಡ್‌ವೇರ್’ ಸಂಸ್ಥೆ ನಡೆಸಿದ ಪ್ರಯೋಗ ಸಾಕ್ಷಿಯಾಯಿತು. ಗಣಕದಲ್ಲಿ ಆಟ ಓಡುತ್ತಿರುವಾಗಲೇ ಹೀಟ್‌ಸಿಂಕನ್ನು ಕಿತ್ತು ತೆಗೆಯಲಾಯಿತು. ಪೆಂಟಿಯಂ-4 ತನ್ನ ಒಳಗಿನ ಉಷ್ಣಮಾಪಕದ ಎಚ್ಚರಿಕೆಗೆ ಓಗೊಟ್ಟು ವೇಗ ತಗ್ಗಿಸಿಕೊಂಡು ಬದುಕಿತು. ಪೆಂಟಿಯಂ-3 ಸ್ತಬ್ಧವಾದರೂ ಉಳಿಯಿತು. ಅಥ್ಲಾನ್ ಮಾತ್ರ ಕ್ಷಣಾರ್ಧದಲ್ಲಿ ಹೊಗೆಯಾಡಿ ಸುಟ್ಟುಹೋಯಿತು. ಚಿಪ್ಪಿನ ಆತ್ಮರಕ್ಷಣೆ ಎಷ್ಟು ಮುಖ್ಯವೆಂಬುದು ಜನಸಾಮಾನ್ಯರಿಗೂ ಮನದಟ್ಟಾಯಿತು. ಇಂದು ಎಲ್ಲ ಚಿಪ್‌ಗಳಲ್ಲೂ ಈ ರಕ್ಷಣೆ ಇದೆ. ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಸೆಲ್ಸಿಯಸ್ ತಲುಪುತ್ತಿದ್ದಂತೆ ಚಿಪ್ ತಾನಾಗಿಯೇ ನಿಧಾನಗೊಳ್ಳುತ್ತದೆ.

ಅದೇ 2001ರಲ್ಲಿ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್, ಚಿಪ್‌ಗಳು ಹೀಗೆಯೇ ಬೆಳೆದರೆ ಅವುಗಳ ಶಾಖಸಾಂದ್ರತೆ ಪರಮಾಣು ಸ್ಥಾವರದ, ಬಳಿಕ ರಾಕೆಟ್ ಮೂತಿಯ ಮಟ್ಟ ಮುಟ್ಟೀತೆಂದು ವಿಜ್ಞಾನಿಗಳ ಸಭೆಯಲ್ಲಿ ಎಚ್ಚರಿಸಿದ್ದರು. ಟ್ರಾನ್ಸಿಸ್ಟರ್ ಕಿರಿದಾದಂತೆ ಅದು ಬಳಸುವ ವಿದ್ಯುತ್ತೂ ಕಿರಿದಾಗುತ್ತದೆ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ 1974ರಲ್ಲಿ ತೋರಿಸಿದ್ದ ನಿಯಮ ಆ ಹೊತ್ತಿಗೆ ಸಡಿಲವಾಗತೊಡಗಿತ್ತು. ಅತಿ ಸಣ್ಣ ಟ್ರಾನ್ಸಿಸ್ಟರ್‌ಗಳು ತೂತು ಬಿಂದಿಗೆಯಂತೆ ವಿದ್ಯುತ್ ಸೋರಿಸುತ್ತಿದ್ದವು. 2004ರಲ್ಲಿ ಬಂದ ‘ಪ್ರೆಸ್ಕಾಟ್’ ಪೆಂಟಿಯಂ-4 ಚಿಪ್ 100 ವ್ಯಾಟನ್ನು ದಾಟಿತು. ಆ ವರ್ಷವೇ ಇಂಟೆಲ್ ತನ್ನ 4 ಗಿಗಾಹರ್ಟ್ಸ್ ಚಿಪ್ಪಿನ ಯೋಜನೆಯನ್ನು ಕೈಬಿಟ್ಟಿತು. ಕಂಪೆನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸಭೆಯೊಂದರಲ್ಲಿ ಮಂಡಿಯೂರಿ ಕ್ಷಮೆ ಕೇಳಿದ ಪ್ರಸಂಗವೂ ನಡೆಯಿತು. ವೇಗ ಹೆಚ್ಚಿಸುವ ಬದಲು ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು ಮಿದುಳುಗಳನ್ನು ಕೂಡಿಸುವ ಹಾದಿ ಹಿಡಿಯಲಾಯಿತು. ಇಂದಿನ ಬಹುಕೋರ್ ಚಿಪ್‌ಗಳ ಮೂಲ ಶಾಖದ ಭಯದಲ್ಲಿದೆ.

ಮಡಕೆಯ ತತ್ತ್ವ

ಇದೇ ಕಾಲದಲ್ಲಿ ಕೂಲರ್‌ಗಳ ಪ್ರತ್ಯೇಕ ಮಾರುಕಟ್ಟೆಯೇ ಬೆಳೆಯಿತು. ತೈವಾನಿನ ಕೂಲರ್ ಮಾಸ್ಟರ್, ಥರ್ಮಲ್‌ರೈಟ್, ಕೊರಿಯಾದ ಜಾಲ್ಮನ್, ಆಸ್ಟ್ರಿಯಾದ ನಾಕ್ಟುವಾ ಮುಂತಾದ ಹೆಸರುಗಳು ಮನೆಮಾತಾದವು. ಅಲ್ಯೂಮಿನಿಯಂ ಅಚ್ಚಿನ ಜಾಗಕ್ಕೆ ತಾಮ್ರ ಬಂದಿತು. ತಾಮ್ರ ಶಾಖವನ್ನು ಅಲ್ಯೂಮಿನಿಯಂಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಚುರುಕಾಗಿ ಸಾಗಿಸುತ್ತದೆ.

ದೊಡ್ಡ ತಿರುವು ಕೊಟ್ಟದ್ದು ‘ಹೀಟ್ ಪೈಪ್’. ಇದರ ಕಲ್ಪನೆಗೆ ಜನರಲ್ ಮೋಟಾರ್ಸ್‌ನ ರಿಚರ್ಡ್ ಗಾಗ್ಲರ್ 1940ರ ದಶಕದಲ್ಲೇ ಪೇಟೆಂಟ್ ಪಡೆದಿದ್ದರು. 1963ರಲ್ಲಿ ಲಾಸ್ ಅಲಾಮೋಸ್‌ನ ಜಾರ್ಜ್ ಗ್ರೋವರ್ ಅದನ್ನು ಸ್ವತಂತ್ರವಾಗಿ ಮತ್ತೆ ಕಂಡುಹಿಡಿದರು. ಬಾಹ್ಯಾಕಾಶ ನೌಕೆಗಳಿಗೆ ಒದಗಿದ ಈ ತಂತ್ರ ಮುಂದೆ ನಮ್ಮ ಮೇಜಿಗೂ ಇಳಿಯಿತು. ಗಾಳಿ ತೆಗೆದು ಮುಚ್ಚಿದ ತಾಮ್ರದ ಕೊಳವೆಯಲ್ಲಿ ತುಸುವೇ ನೀರಿರುತ್ತದೆ. ಚಿಪ್ಪಿನ ಬಳಿಯ ತುದಿಯಲ್ಲಿ ನೀರು ಆವಿಯಾಗಿ ಶಾಖ ಹೀರುತ್ತದೆ. ಆ ಆವಿ ತಂಪಾದ ತುದಿಗೆ ಹೋಗಿ ಮತ್ತೆ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ಆವಿಯಾಗುವ ನೀರು ಶಾಖವನ್ನು ಒಯ್ಯುತ್ತದೆಂಬ ಸತ್ಯ ಬೇಸಿಗೆಯ ಮಣ್ಣಿನ ಮಡಕೆ ಬಲ್ಲ ನಮಗೆ ಹೊಸದಲ್ಲ. ಮಡಕೆಯ ನೀರು ಹಾರಿಹೋಗುತ್ತದೆ, ಇಲ್ಲಿ ಅದೇ ನೀರು ಮರಳಿ ದುಡಿಯುತ್ತದೆ ಎಂಬುದಷ್ಟೇ ವ್ಯತ್ಯಾಸ.

ಕೂಡಿಸುವ ಕುಶಲತೆ

ಎಂಥ ಬೆಲೆಯ ಕೂಲರ್ ತಂದರೂ ಕೂಡಿಸುವಲ್ಲಿ ಎಡವಿದರೆ ಫಲವಿಲ್ಲ. ಕಣ್ಣಿಗೆ ಕನ್ನಡಿಯಂತೆ ಕಾಣುವ ಲೋಹದ ಮೈಯಲ್ಲೂ ಸೂಕ್ಷ್ಮ ಉಬ್ಬುತಗ್ಗುಗಳಿರುತ್ತವೆ. ಎರಡು ಮೈಗಳ ನಡುವೆ ಸಿಕ್ಕಿದ ಗಾಳಿ ಶಾಖದ ಹಾದಿಗೆ ಅಡ್ಡಗೋಡೆ. ಆ ತಗ್ಗುಗಳನ್ನು ತುಂಬಲೆಂದೇ ಥರ್ಮಲ್ ಪೇಸ್ಟ್ ಇರುವುದು. ಅದು ಗಾಳಿಗಿಂತ ಎಷ್ಟೋ ಮೇಲು, ಆದರೆ ತಾಮ್ರಕ್ಕಿಂತ ಬಹಳ ಕೀಳು. ಆದ್ದರಿಂದ ಬೆಣ್ಣೆಯಂತೆ ದಪ್ಪಗೆ ಮೆತ್ತಬಾರದು. ಸಾಧಾರಣ ಚಿಪ್ಪಿಗೆ ಬಟಾಣಿ ಕಾಳಿನಷ್ಟು ಸಾಕು. ಹಳೆಯ ಪೇಸ್ಟನ್ನು ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಪೂರ್ತಿ ಒರೆಸಬೇಕು. ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೀಳುವುದನ್ನು ಮರೆಯುವವರು ಇಂದಿಗೂ ಇದ್ದಾರೆ.

ಸ್ಕ್ರೂಗಳನ್ನು ಬಿಗಿಯುವಾಗ ಒಂದು ಮೂಲೆ, ಬಳಿಕ ಅದರ ಎದುರು ಮೂಲೆ ಎಂಬಂತೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬರಬೇಕು. ಒಂದೇ ಕಡೆ ಬಿಗಿದರೆ ಕೂಲರ್ ವಾಲುತ್ತದೆ. 2000ದ ಸುಮಾರಿನ ಅಥ್ಲಾನ್ ಮತ್ತು ಪೆಂಟಿಯಂ-3 ಚಿಪ್‌ಗಳ ಸಿಲಿಕಾನ್ ಮೈ ಬರಿದಾಗಿಯೇ ಇರುತ್ತಿದ್ದುದರಿಂದ ಹೀಗೆ ವಾಲಿದ ಕೂಲರ್ ಮೂಲೆಯನ್ನೇ ಮುರಿದ ಪ್ರಕರಣಗಳು ಹೇರಳ. ಈಗ ಮೇಜಿನ ಗಣಕದ ಚಿಪ್‌ಗಳಿಗೆ ಲೋಹದ ಕವಚವಿದ್ದು ಆ ಭಯ ಕಡಿಮೆಯಾಗಿದೆ. ಫ್ಯಾನಿನ ಗಾಳಿ ಪೆಟ್ಟಿಗೆಯ ಹಿಂಬದಿಯತ್ತ ಸಾಗುವಂತಿರಬೇಕು, ಮುಂಬದಿಯಿಂದ ಹೊಸ ಗಾಳಿ ಒಳಬರಬೇಕು. ಇಲ್ಲವಾದರೆ ಕೂಲರ್ ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ.

ಗಾಳಿಯ ಕೂಲರ್ ಆಗಲಿ, ನೀರು ಹರಿಸುವ ಕೂಲರ್ ಆಗಲಿ ಚಿಪ್ಪನ್ನು ಕೋಣೆಯ ಉಷ್ಣತೆಗಿಂತ ಕೆಳಗಿಳಿಸಲಾರದು. ಪೂರ್ಣ ಹೊರೆಯಲ್ಲಿ ಚಿಪ್ಪು ಕೋಣೆಗಿಂತ 50 ಡಿಗ್ರಿ ಹೆಚ್ಚು ಕಾಯುತ್ತದೆ ಎನ್ನೋಣ. 22 ಡಿಗ್ರಿಯ ಕೋಣೆಯಲ್ಲಿ ಅದು 72ಕ್ಕೆ ನಿಲ್ಲುತ್ತದೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ 40 ಡಿಗ್ರಿಯ ಕೋಣೆಯಾದರೆ 90! ವಿದೇಶಿ ಪರೀಕ್ಷೆಗಳ ಅಂಕಿಗಳನ್ನು ನಂಬಿ ಇಲ್ಲಿ ವೇಗ ಏರಿಸುವವರು ಈ ಲೆಕ್ಕವನ್ನು ಮೊದಲು ಹಾಕಬೇಕು. ವೇಗವನ್ನು ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಗಂಟೆಗಟ್ಟಲೆ ಹೊರೆ ಹೊರಿಸಿ ಪರೀಕ್ಷಿಸುವುದು ಅನುಭವಿಗಳ ಪದ್ಧತಿ. ಫ್ಯಾನಿನ ರೆಕ್ಕೆಗಳಲ್ಲಿ ಕೂರುವ ಧೂಳನ್ನು ಆಗಾಗ ತೆಗೆಯುವುದೂ ಅಷ್ಟೇ ಅಗತ್ಯ.

ದಾಖಲೆಯ ಹಿಂದೆ

ಗಾಳಿ, ನೀರುಗಳನ್ನು ಬಿಟ್ಟು ದ್ರವ ಸಾರಜನಕ, ದ್ರವ ಹೀಲಿಯಂ ಸುರಿದು ದಾಖಲೆ ಬರೆಯುವ ಸಾಹಸಿಗರ ಪಂಗಡವೇ ಬೇರೆ. 2011ರಲ್ಲಿ ಎಎಂಡಿಯ ಎಫ್‌ಎಕ್ಸ್ ಚಿಪ್ಪೊಂದು 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ದಾಖಲೆ ಸೇರಿತು. 2022ರಲ್ಲಿ ಇಂಟೆಲ್‌ನ ಕೋರ್ ಐ9 ಚಿಪ್ 9 ಗಿಗಾಹರ್ಟ್ಸ್ ದಾಟಿತು. ಇವು ಕೆಲವೇ ಕ್ಷಣಗಳ ವೈಭವ, ದಿನನಿತ್ಯದ ಕೆಲಸಕ್ಕೆ ಒದಗುವಂಥವಲ್ಲ.

ಸಾಮಾನ್ಯ ಬಳಕೆದಾರನ ಮಟ್ಟಿಗೆ ಓವರ್‌ಕ್ಲಾಕಿಂಗ್‌ನ ಅಂದಿನ ಲಾಭ ಇಂದು ಉಳಿದಿಲ್ಲ. 2008ರಿಂದೀಚೆಗೆ ಇಂಟೆಲ್‌ನ ‘ಟರ್ಬೊ ಬೂಸ್ಟ್’ನಂಥ ವ್ಯವಸ್ಥೆಗಳು ಬಂದು, ಉಷ್ಣತೆ ನೋಡಿಕೊಂಡು ಚಿಪ್ಪೇ ತನ್ನ ವೇಗ ಏರಿಸಿಕೊಳ್ಳುತ್ತದೆ. ಇಂಟೆಲ್ ಗುಣಕದ ಬೀಗ ತೆರೆದ ಚಿಪ್‌ಗಳನ್ನು ಬೇರೆ ದರ್ಜೆಯಾಗಿಯೇ ಮಾರುತ್ತಿದೆ. ಬಡವರ ಉಪಾಯವಾಗಿದ್ದುದು ಉಳ್ಳವರ ಹವ್ಯಾಸವಾಯಿತು ಎನ್ನಬಹುದು. ವೋಲ್ಟೇಜ್ ಅತಿಯಾದರೆ ಚಿಪ್ಪಿನೊಳಗಿನ ಸೂಕ್ಷ್ಮ ತಂತಿಗಳ ಪರಮಾಣುಗಳೇ ಸರಿದು ಆಯುಸ್ಸು ಕುಗ್ಗುತ್ತದೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಚಿಪ್‌ಗಳು ಅಸ್ಥಿರವಾದಾಗ, ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕಾರಣವೆಂದು ಕಂಪೆನಿಯೇ ಒಪ್ಪಿ ಖಾತರಿ ಅವಧಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು. ಬಲ್ಲವರ ಕಾರ್ಖಾನೆಯೇ ಮಿತಿಯಲ್ಲಿ ಎಡವಬಹುದಾದರೆ ಹವ್ಯಾಸಿಯ ಪಾಡೇನು?

ಅಂತೆಯೇ ಈಚೆಗೆ ಅನೇಕರು ವೇಗವನ್ನು ಹಾಗೆಯೇ ಇಟ್ಟುಕೊಂಡು ವೋಲ್ಟೇಜನ್ನು ತುಸು ತಗ್ಗಿಸುವತ್ತ ಒಲಿದಿದ್ದಾರೆ. ವರ್ಗದ ಲೆಕ್ಕ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ವೋಲ್ಟೇಜ್ ಶೇಕಡ 5 ಇಳಿದರೆ ಶಾಖ ಸುಮಾರು ಶೇಕಡ 10 ಇಳಿಯುತ್ತದೆ. ಫ್ಯಾನಿನ ಸದ್ದು ಅಡಗುತ್ತದೆ, ವಿದ್ಯುತ್ ಉಳಿಯುತ್ತದೆ, ಚಿಪ್ಪಿನ ಬಾಳಿಕೆಯೂ ಹೆಚ್ಚುತ್ತದೆ. ಹೊಸ ಚಿಪ್ ಕೊಳ್ಳಲು ಹೊರಡುವ ಮುನ್ನ ಹಳೆಯ ಗಣಕದ ಧೂಳು ಕೊಡವಿ, ಒಣಗಿದ ಪೇಸ್ಟ್ ಬದಲಿಸಿ, ಒಂದು ಒಳ್ಳೆಯ ಕೂಲರ್ ಕೂಡಿಸಿ ನೋಡುವುದು ಜಾಣತನ. ಕಾವಿಗೆ ಹೆದರಿ ನಿಧಾನಗೊಂಡಿದ್ದ ಯಂತ್ರ ತನ್ನ ಮೊದಲಿನ ವೇಗಕ್ಕೆ ಮರಳುವ ಸಾಧ್ಯತೆ ಹೆಚ್ಚು.